ಕೆಂಪು ಕುಬ್ಜಗಳ ಸುತ್ತ ಗ್ರಹ ಹುಡುಕಿದ ನನ್ನ ಅನುಭವ

ಬದಿಯಡ್ಕ ಕಡೆಯ ನಮ್ಮ ಊರಲ್ಲಿ ಮಳೆಗಾಲ ಹಿಡಿಯಿತೆಂದರೆ ನಕ್ಷತ್ರ ಕಾಣುವುದೇ ಅಪರೂಪ. ಹಾಗಾಗಿ ನಾನು ಗ್ರಹ ಹುಡುಕುವುದು ಲ್ಯಾಪ್‌ಟಾಪಿನಲ್ಲಿ. ನಾಸಾದ ಟೆಸ್ ಉಪಗ್ರಹ 2018ರಿಂದ ನಕ್ಷತ್ರಗಳ ಬೆಳಕನ್ನು ಅಳೆಯುತ್ತಿದೆ. ಆ ದಾಖಲೆ ಯಾರಿಗೆ ಬೇಕಾದರೂ ಉಚಿತ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಅದರಲ್ಲಿ ಇಂಥ ದಾಖಲೆ ನೋಡುವ ಲೈಟ್‌ಕರ್ವ್ ಪ್ಯಾಕೇಜ್ ಇದ್ದರೆ ಸಾಕು. ಕರೆಂಟೂ ಇರಬೇಕು, ಅದು ಬೇರೆ ಮಾತು.

ಕೆಂಪು ಕುಬ್ಜಗಳನ್ನೇ, ಅಂದರೆ ಸೂರ್ಯನಿಗಿಂತ ಚಿಕ್ಕ, ತಣ್ಣಗಿನ ನಕ್ಷತ್ರಗಳನ್ನೇ ಹಿಡಿದದ್ದಕ್ಕೆ ಕಾರಣ ಲೆಕ್ಕ. ಭೂಮಿ ಸೂರ್ಯನಿಗೆ ಅಡ್ಡ ಬಂದರೆ ಬೆಳಕು ಕುಗ್ಗುವುದು ಬರೀ 0.0084%. ಎಲ್‌ಎಚ್‌ಎಸ್ 3844 ನಕ್ಷತ್ರದ ಅಗಲ ಸೂರ್ಯನ ಐದನೇ ಒಂದು ಪಾಲು. ಅದರ ಗ್ರಹ ಭೂಮಿಯ 1.3 ಪಟ್ಟು ಅಗಲವಿದ್ದರೂ ಬೆಳಕು ಸುಮಾರು 0.4% ಕುಗ್ಗುತ್ತದೆ. 11 ಗಂಟೆಗೊಮ್ಮೆ ಸುತ್ತುವುದರಿಂದ 27 ದಿನದ ದಾಖಲೆಯಲ್ಲಿ ಬೇಕಾದಷ್ಟು ಗುಂಡಿಗಳು, ಅಂದರೆ ಬೆಳಕಿನ ಇಳಿತಗಳು ಸಿಗುತ್ತವೆ. ಪ್ರತಿಯೊಂದೂ ಅರ್ಧ ಗಂಟೆಯದ್ದು. ಹಾಗಾಗಿ 2 ನಿಮಿಷಕ್ಕೊಮ್ಮೆ ಅಳೆದ ದಾಖಲೆಯನ್ನೇ ಇಳಿಸಿಕೊಳ್ಳಿ, 30 ನಿಮಿಷಕ್ಕೊಮ್ಮೆ ಅಳೆದದ್ದರಲ್ಲಿ ಗುಂಡಿ ಮಸುಕಾಗುತ್ತದೆ. ಒಂದೇ ಅಂತರದಲ್ಲಿ ಮರುಕಳಿಸುವ ಗುಂಡಿ ಹುಡುಕುವ ಬಿಎಲ್‌ಎಸ್ ಲೆಕ್ಕ ಓಡಿಸಿ, ಸಿಕ್ಕಿದ ಅವಧಿಗೆ ದಾಖಲೆಯನ್ನು ಮಡಚಿ ಗುಂಡಿಗಳನ್ನು ಒಂದರ ಮೇಲೊಂದು ಇಟ್ಟೆ. ಗುಂಡಿ ಸ್ಪಷ್ಟವಾಗಿ ಎದ್ದು ಬಂತು. ಮೊದಲೇ ಗೊತ್ತಿದ್ದ ಗ್ರಹವೇ, ಆದರೂ ಖುಷಿ ಆಗುತ್ತದೆ ಅಲ್ವಾ?

ಅದು ಸಾಧು ನಕ್ಷತ್ರ. ಎಯು ಮೈಕ್ ಹಾಗಲ್ಲ. ಸುಮಾರು 2 ಕೋಟಿ ವರ್ಷದ ಎಳೆಯದು, 4.86 ದಿನಕ್ಕೊಮ್ಮೆ ತಿರುಗುತ್ತದೆ. ಅದರ ಮೈಮೇಲಿನ ಕಪ್ಪು ಕಲೆಗಳಿಂದಲೇ ಬೆಳಕು ಗ್ರಹದ ಗುಂಡಿಗಿಂತ ಎಷ್ಟೋ ಜಾಸ್ತಿ ಏರಿಳಿಯುತ್ತದೆ. ಮೇಲಿಂದ ಫ್ಲೇರ್‌ಗಳ, ಅಂದರೆ ಥಟ್ಟನೆ ಬೆಳಕು ಏರುವ ಸ್ಫೋಟಗಳ ಕಾಟ. ಇಲ್ಲಿ ಎರಡು ವಿಷಯ ನೋಡಿಕೊಳ್ಳಬೇಕು. ಬೆಳಕಿನ ಏರಿಳಿತ ಸಮ ಮಾಡಲು ಒಮ್ಮೆಗೆ ತೆಗೆದುಕೊಳ್ಳುವ ಕಾಲದ ತುಂಡು (ಕಿಟಕಿ) ಗುಂಡಿಯ ಅವಧಿಯ ಮೂರು ಪಟ್ಟಾದರೂ ಇರಲಿ, ಇಲ್ಲದಿದ್ದರೆ ಅದು ಗ್ರಹವನ್ನೇ ನುಂಗುತ್ತದೆ. ವಿಪರೀತ ಬಿಂದುಗಳನ್ನು ಕತ್ತರಿಸುವಾಗ ಮೇಲಿನವನ್ನು ಮಾತ್ರ ಕತ್ತರಿಸಿ. ಕೆಳಗಿನದ್ದರಲ್ಲೇ ತಾನೇ ಗ್ರಹ ಇರುವುದು. 2018ರ ದಾಖಲೆಯಲ್ಲಿ ಎಯು ಮೈಕ್‌ನ ಒಳಗಿನ ಗ್ರಹದ ಎರಡು ಗುಂಡಿಗಳಿವೆ. ನಡುವಿನದ್ದು ದಾಖಲೆಯೇ ಇಲ್ಲದ ಹೊತ್ತಿಗೆ ಬಿತ್ತು. ಹಾಗಾಗಿ ಸುತ್ತುವ ಅವಧಿ 8.46 ದಿನವೋ, ಅದರ ಎರಡು ಪಟ್ಟೋ ಎಂದು ಅಷ್ಟರಿಂದಲೇ ಹೇಳಲಾಗದು.

ಟೆಸ್‌ನ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಅಗಲ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಪಾಲು). ಪಕ್ಕದ ಜೋಡಿ ನಕ್ಷತ್ರದ ಗ್ರಹಣವೂ ಅದರೊಳಗೆ ನುಸುಳಬಹುದು. ಗಾಯಾ ಉಪಗ್ರಹದ ನಕ್ಷತ್ರಗಳ ಪಟ್ಟಿ ನೋಡದೆ ನಾನು ಯಾವ ಗುಂಡಿಯನ್ನೂ ನಂಬುವುದಿಲ್ಲ.

ಇಷ್ಟೆಲ್ಲ ಆದರೂ ಸಿಗುವುದು ಗಾತ್ರ ಮಾತ್ರ. ದ್ರವ್ಯರಾಶಿಗೆ ಗ್ರಹದ ಎಳೆತದಿಂದ ಆಗುವ ನಕ್ಷತ್ರದ ಓಲಾಟ ಅಳೆಯಬೇಕು, ಅದು ಮನೆಯ ಕೆಲಸವಲ್ಲ. 2016ರಲ್ಲಿ ಸಿಕ್ಕಿದ ಪ್ರಾಕ್ಸಿಮಾ ಬಿ ಗ್ರಹ ತನ್ನ ನಕ್ಷತ್ರವನ್ನು ಅಲುಗಿಸುವುದು ಸೆಕೆಂಡಿಗೆ 1.4 ಮೀಟರಿನಷ್ಟು, ನಾವು ಪೇಟೆಗೆ ನಡೆದು ಹೋಗುವ ವೇಗ. ಅಲ್ಲೂ ಕಲೆಗಳು ಮೋಸ ಮಾಡುತ್ತವೆ. ಗ್ಲೀಸ್ 581 ನಕ್ಷತ್ರದ ಡಿ ಗ್ರಹ ಎಂದುಕೊಂಡದ್ದು ನಕ್ಷತ್ರದ ಚಟುವಟಿಕೆಯೇ ಎಂದು 2014ರ ವಿಶ್ಲೇಷಣೆ ತೋರಿಸಿತು.