ಊಟಿ ರೈಲು ಬೆಟ್ಟದಲ್ಲೇ ಉಳಿಯಬೇಕಾದರೆ ಊರಿನವರು ಮಾಡಬೇಕಾದ ಕೆಲಸ

ಹಳೆಯ ರೈಲೊಂದು ತನ್ನ ಊರನ್ನು ಬಿಟ್ಟುಹೋಗುವುದು ಒಂದೇ ದಿನದಲ್ಲಿ ಅಲ್ಲ. ಮೊದಲು ರಿಪೇರಿ ಬೇರೆ ಊರಿಗೆ ಹೋಗುತ್ತದೆ. ನುರಿತ ಫಿಟ್ಟರುಗಳು ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ಯಾರೂ ಬರುವುದಿಲ್ಲ. ಊರಿನವರು ಹತ್ತುತ್ತಿದ್ದ ಬೋಗಿ ಪ್ರವಾಸಿಗರಿಗೇ ಮೀಸಲಾಗುತ್ತದೆ. ಆಮೇಲೊಂದು ಮಳೆಗಾಲದಲ್ಲಿ ಗುಡ್ಡ ಕುಸಿದು ಹಳಿ ಮುಚ್ಚಿದಾಗ, ‘ಬೇಗ ಸರಿಮಾಡಿ’ ಎಂದು ಹಟ ಹಿಡಿಯುವವರೇ ಇರುವುದಿಲ್ಲ. ನಾಲ್ಕನೆಯ ಹಂತಕ್ಕೆ ಬಂದಮೇಲೆ ಹೋರಾಟ ಶುರುಮಾಡಿದರೆ ತಡವಾಯಿತು. ಕೆಲಸವೆಲ್ಲ ಮೊದಲ ಮೂರರಲ್ಲೇ ಇದೆ.

ಇಲ್ಲಿ ಹೇಳಿರುವುದು ನೀಲಗಿರಿ ಬೆಟ್ಟದ ರೈಲಿನ ಲೆಕ್ಕದಲ್ಲಿ. ಮೆಟ್ಟುಪಾಳ್ಯದಿಂದ ಊಟಿಗೆ ಸುಮಾರು 46 ಕಿಲೋಮೀಟರ್ ಮೀಟರ್ ಗೇಜ್ ದಾರಿ. ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಟು 2203 ಮೀಟರಿಗೆ ಏರುತ್ತದೆ. ಕೂನೂರಿನವರೆಗಿನ ದಾರಿ 1899ರಲ್ಲಿ, ಊಟಿಯವರೆಗಿನದು 1908ರಲ್ಲಿ ತೆರೆಯಿತು. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಅಲ್ಲಿ ಉಗಿ ಇಂಜಿನ್ ಹಿಂದಿನಿಂದ ಬೋಗಿಗಳನ್ನು ಮೇಲಕ್ಕೆ ನೂಕುತ್ತದೆ. ಕೂನೂರಿನಿಂದ ಊಟಿಗೆ ಡೀಸೆಲ್ ಇಂಜಿನ್. ರೈಲು, ಹಳಿ, ನೆಲ ಎಲ್ಲವೂ ದಕ್ಷಿಣ ರೈಲ್ವೆಯದು. ಊರಿನವರ ಹೆಸರಿನಲ್ಲಿ ಒಂದು ಮೊಳೆಯೂ ಇಲ್ಲ. ಆದ್ದರಿಂದ ಇಲ್ಲಿನ ದಾರಿಯೇ ಬೇರೆ: ಕೊಂಡುಕೊಳ್ಳುವ ಮಾತಿಲ್ಲ, ಕಣ್ಣಿಟ್ಟು ಕಾಯುವ ಮಾತು.

ಮೊದಲು ಪಟ್ಟಿ

ಒಂದು ದಪ್ಪ ರಿಜಿಸ್ಟರ್ ಇಟ್ಟುಕೊಳ್ಳಿ. ಊರಿನಿಂದ ಹೊರಗೆ ಹೋಗಬಹುದಾದ ಪ್ರತಿಯೊಂದನ್ನೂ ಅದರಲ್ಲಿ ಬರೆಯಿರಿ: ಇಂಜಿನ್‌ಗಳು ನಂಬರ್ ಸಮೇತ, ಬೋಗಿಗಳು, ನಿಲ್ದಾಣಗಳ ಗಂಟೆ, ಗಡಿಯಾರ, ಒಂದು ಹಳಿಯಲ್ಲಿ ಒಂದೇ ಗಾಡಿ ಇರುವಂತೆ ಕಾಯುವ ಟೋಕನ್ ಯಂತ್ರ, ಇಂಜಿನ್ನಿಗೆ ನೀರು ತುಂಬುವ ಕಂಬ, ಇಂಜಿನ್ ಶೆಡ್ಡಿನಲ್ಲಿರುವ ಲೇತು (ಲೋಹ ಕಡೆಯುವ ಯಂತ್ರ), ಹಳೆಯ ನಕ್ಷೆಗಳು. ಪ್ರತಿ ವಸ್ತುವಿಗೆ ಎರಡು ಫೋಟೋ ಸಾಕು, ಒಂದು ಇಡಿಯಾಗಿ, ಇನ್ನೊಂದು ನಂಬರ್ ಪ್ಲೇಟು ಕಾಣುವಂತೆ. ತಾರೀಖು ಹಾಕಿ. ನಿಷೇಧವಿರುವ ಜಾಗಕ್ಕೆ ಒಪ್ಪಿಗೆ ಪಡೆದೇ ಹೋಗಿ. ವರ್ಷಕ್ಕೊಮ್ಮೆ ಅದೇ ಪಟ್ಟಿ ಹಿಡಿದು ಮತ್ತೊಂದು ಸುತ್ತು ಬನ್ನಿ. ವಸ್ತು ಹೋದದ್ದು ಅದೇ ವರ್ಷ ಗೊತ್ತಾದರೆ ತರಿಸಬಹುದು. ಹತ್ತು ವರ್ಷದ ಮೇಲೆ ‘ಇಲ್ಲೊಂದು ಗಂಟೆ ಇತ್ತಲ್ಲ’ ಎಂದರೆ ಯಾರ ಬಳಿಯೂ ದಾಖಲೆ ಸಿಗುವುದಿಲ್ಲ.

ವಸ್ತುಗಳ ಜೊತೆಗೆ ಜನರನ್ನೂ ಹುದ್ದೆಯ ಪ್ರಕಾರ ಬರೆಯಿರಿ, ಹೆಸರು ಬೇಡ. ಕೂನೂರು ಶೆಡ್ಡಿನಲ್ಲಿ ಬಾಯ್ಲರ್ (ನೀರು ಕಾಯಿಸಿ ಉಗಿ ಮಾಡುವ ಭಾಗ) ಕೆಲಸ ಬಲ್ಲವರು ಎಷ್ಟು, ಅವರ ನಿವೃತ್ತಿ ಯಾವ ವರ್ಷ, ಕೆಳಗೆ ಕಲಿಯುತ್ತಿರುವವರು ಎಷ್ಟು. ಇಡೀ ರಿಜಿಸ್ಟರಿನಲ್ಲಿ ಅತಿ ಮುಖ್ಯವಾದ ಪುಟ ಇದೇ. ಉಗಿ ಇಂಜಿನ್ ಕೆಲಸ ಪುಸ್ತಕದಿಂದ ಬರುವಂಥದಲ್ಲ, ಒಬ್ಬ ಫಿಟ್ಟರ್ ಪಕ್ಕದಲ್ಲಿ ಇನ್ನೊಬ್ಬ ವರ್ಷಗಟ್ಟಲೆ ನಿಂತರಷ್ಟೇ ದಾಟುವ ವಿದ್ಯೆ. ಹಳಬ ನಿವೃತ್ತನಾದಮೇಲೆ ಹೊಸಬನನ್ನು ತಂದರೆ ನಡುವಿನ ಕೊಂಡಿ ಕಳಚಿತು. ಹಳಬ ಸೇವೆಯಲ್ಲಿ ಇರುವಾಗಲೇ ಹೊಸಬ ಬರಬೇಕು. ಸುತ್ತಲಿನ ಐಟಿಐಗಳಲ್ಲಿ ಫಿಟ್ಟರ್, ವೆಲ್ಡರ್ ಕಲಿಯುವ ಸ್ಥಳೀಯ ಹುಡುಗ ಹುಡುಗಿಯರಿಗೆ ಶೆಡ್ಡಿನಲ್ಲಿ ಅಪ್ರೆಂಟಿಸ್ ಜಾಗ ಕೇಳುವುದು ಊರಿನವರು ಇಡಬಹುದಾದ ಬೇಡಿಕೆಗಳಲ್ಲಿ ಮೊದಲನೆಯದು.

ಬಾಯ್ಲರ್: ಎಲ್ಲಿ ಕೆಡುತ್ತದೆ, ಏಕೆ

ಊರಿನವರಿಗೆ ಇದೆಲ್ಲ ಏಕೆ ಗೊತ್ತಿರಬೇಕು ಎಂದರೆ, ರೈಲು ನಿಲ್ಲಿಸಲು ಕೊಡುವ ಕಾರಣಗಳಲ್ಲಿ ‘ಇಂಜಿನ್ ಕೆಟ್ಟಿದೆ’ ಎನ್ನುವುದು ಅತಿ ಸುಲಭದ್ದು. ಏನು ಕೆಟ್ಟಿದೆ ಎಂದು ಕೇಳುವಷ್ಟು ತಿಳಿವಳಿಕೆ ಇರಬೇಕು.

ಈ ದಾರಿಯ ಎಕ್ಸ್ ವರ್ಗದ ಇಂಜಿನ್‌ಗಳ ಮೂಲ ಸ್ವಿಟ್ಜರ್ಲೆಂಡಿನ ವಿಂಟರ್‌ಥರ್. ಇವಕ್ಕೆ ನಾಲ್ಕು ಸಿಲಿಂಡರ್. ಹೆಚ್ಚು ಒತ್ತಡದ ಉಗಿ ಮೊದಲು ಮಾಮೂಲಿ ಚಕ್ರಗಳನ್ನು ನಡೆಸುತ್ತದೆ. ಹಲ್ಲಿನ ಪಟ್ಟಿಯ ಮೇಲೆ ಬಂದಾಗ ಅದೇ ಉಗಿ ಕಡಿಮೆ ಒತ್ತಡದ ಸಿಲಿಂಡರುಗಳಿಗೆ ಹೋಗಿ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಯಂತ್ರದ ಈ ಭಾಗ ಸವೆಯುತ್ತದೆ ನಿಜ, ಆದರೆ ಇಂಜಿನ್ನಿನ ಆಯುಸ್ಸನ್ನು ನಿರ್ಧರಿಸುವುದು ಬಾಯ್ಲರ್.

ತಣ್ಣಗಿರುವ ಬಾಯ್ಲರಿಗೆ ಅವಸರದಲ್ಲಿ ಬೆಂಕಿ ಕೊಟ್ಟರೆ ಬೆಂಕಿ ಉರಿಯುವ ಪೆಟ್ಟಿಗೆಯಾದ ಫೈರ್‌ಬಾಕ್ಸಿನ ತಗಡು ಮೊದಲು ಹಿಗ್ಗುತ್ತದೆ, ಹೊರಕವಚ ಇನ್ನೂ ತಣ್ಣಗೇ ಇರುತ್ತದೆ. ಈ ಎಳೆದಾಟವೆಲ್ಲ ಎರಡನ್ನೂ ಹಿಡಿದಿರುವ ಸ್ಟೇ ಬೋಲ್ಟುಗಳ ಮೇಲೆ, ಬಿಸಿ ಹೊಗೆ ಹಾಯುವ ಟ್ಯೂಬುಗಳ ತುದಿಯ ಮೇಲೆ ಬೀಳುತ್ತದೆ. ಸ್ಟೇ ಬೋಲ್ಟಿನ ತುದಿಯಲ್ಲಿ ಸಣ್ಣದೊಂದು ತೂತು ಕೊರೆದಿರುತ್ತಾರೆ. ಬೋಲ್ಟು ಒಳಗೆ ಮುರಿದರೆ ಆ ತೂತಿನಿಂದ ಉಗಿಯೋ ನೀರೋ ಜಿನುಗಿ ಹೊರಗೆ ತಿಳಿಯುತ್ತದೆ. ಜಿನುಗು ನಿಲ್ಲಿಸಲು ಆ ತೂತನ್ನೇ ಮುಚ್ಚುವುದು ಅಪಾಯಕಾರಿ ತಪ್ಪು. ಬೆಂಕಿ ನಿಧಾನವಾಗಿ, ರಾತ್ರಿಯಿಂದಲೇ ಶುರುವಾಗಬೇಕು. ಬೆಳಿಗ್ಗೆ ಏಳರ ಸುಮಾರಿಗೆ ಮೆಟ್ಟುಪಾಳ್ಯದಿಂದ ಹೊರಡುವ ಗಾಡಿಗೆ ರಾತ್ರಿಪಾಳಿಯ ಜನ ಬೇಕೇ ಬೇಕು. ರಾತ್ರಿಪಾಳಿಯ ಹುದ್ದೆಗೆ ಕತ್ತರಿ ಬಿದ್ದರೆ ಅದು ಬಾಯ್ಲರಿನ ಆಯುಸ್ಸಿಗೇ ಬಿದ್ದಂತೆ.

ಇನ್ನೊಂದು ಶತ್ರು ನೀರು. ಗಡಸು ನೀರು ಟ್ಯೂಬಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಪದರ ದಪ್ಪವಾದಷ್ಟೂ ತಗಡಿನ ಬಿಸಿ ನೀರಿಗೆ ಇಳಿಯದೆ ತಗಡೇ ಸುಡುತ್ತದೆ. ಇದಕ್ಕೆ ಪರಿಹಾರ ಹಳೆಯದೇ: ನೀರಿಗೆ ಮದ್ದು, ನಿಗದಿತ ದಿನಕ್ಕೆ ಬಾಯ್ಲರ್ ಬರಿದು ಮಾಡಿ ತೊಳೆತ, ತೊಳೆದಾಗ ಹೊರಬಂದ ಕೆಸರಿನ ಪ್ರಮಾಣವನ್ನು ಬರೆದಿಡುವುದು. ತೊಳೆತದ ರಿಜಿಸ್ಟರಿನಲ್ಲಿ ದಿನಗಳ ಅಂತರ ಹಿಗ್ಗುತ್ತಾ ಹೋಗಿದ್ದರೆ ತೊಂದರೆ ಬರುತ್ತಿದೆ ಎಂದೇ ಅರ್ಥ.

ಬೆಟ್ಟದ ರೈಲಿಗೇ ಇರುವ ವಿಶೇಷ ಅಪಾಯ ಇಳಿಜಾರಿನದು. ಇಲ್ಲಿನ ಅತಿ ಕಡಿದಾದ ಏರು ಸುಮಾರು 12ಕ್ಕೆ 1. ಇಂಜಿನ್ ವಾಲಿದಾಗ ಒಳಗಿನ ನೀರು ವಾಲುವುದಿಲ್ಲ. ಬಾಯ್ಲರಿನ ಒಂದು ಮೀಟರ್ ಉದ್ದಕ್ಕೆ ನೀರಿನ ಆಳದಲ್ಲಿ 8 ಸೆಂಟಿಮೀಟರಿಗೂ ಹೆಚ್ಚು ವ್ಯತ್ಯಾಸ ಬೀಳುತ್ತದೆ. ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ಅರ್ಧ ನೀರು ಕಂಡರೆ ಬಯಲಿನಲ್ಲಿ ಒಂದು ಅರ್ಥ, ಹಲ್ಲಿನ ದಾರಿಯ ನಿಲ್ದಾಣವಾದ ಹಿಲ್‌ಗ್ರೋವಿನ ಏರಿನಲ್ಲಿ ಇನ್ನೊಂದು. ಫೈರ್‌ಬಾಕ್ಸಿನ ನೆತ್ತಿಯ ಮೇಲೆ ನೀರಿಲ್ಲದಂತಾದರೆ ತಗಡು ಕೆಂಪಗೆ ಕಾದು ಬಾಯ್ಲರೇ ಒಡೆಯಬಹುದು. ಅದಕ್ಕೆ ಮುಂಚೆ ಅಲ್ಲಿನ ಸೀಸದ ಪ್ಲಗ್ಗು ಕರಗಿ ಎಚ್ಚರಿಕೆ ಕೊಡುತ್ತದೆ, ಅಷ್ಟರಮಟ್ಟಿಗೆ ಹೋಗಲು ಬಿಡಬಾರದು. ಬಯಲು ದಾರಿಯಲ್ಲಿ ಉಗಿ ಇಂಜಿನ್ ಓಡಿಸಿದವರನ್ನು ತಂದು ನೇರವಾಗಿ ಇಲ್ಲಿ ಕೂರಿಸಲಾಗದು ಎನ್ನುವುದಕ್ಕೆ, ಹೊರಗುತ್ತಿಗೆಯ ಪ್ರಸ್ತಾಪ ಬಂದಾಗ ಮುಂದಿಡಬೇಕಾದ ಗಟ್ಟಿ ಕಾರಣ ಇದು.

ದೊಡ್ಡ ರಿಪೇರಿ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ನಡೆಯುತ್ತದೆ. ಅಲ್ಲಿ ಹೊಸ ಎಕ್ಸ್ ಇಂಜಿನ್‌ಗಳನ್ನೂ ಕಟ್ಟಿದ್ದಾರೆ, ಅದು ನಿಜಕ್ಕೂ ಹೆಮ್ಮೆಯ ಕೆಲಸ. ಆದರೆ ಕೂನೂರಿನಲ್ಲಿ ಆಗಬಹುದಾದ ಸಣ್ಣ ಕೆಲಸಕ್ಕೂ ಇಂಜಿನ್ನನ್ನು ಬೆಟ್ಟ ಇಳಿಸಲು ಶುರುಮಾಡಿದರೆ ಎಚ್ಚರವಾಗಿ. ಟ್ಯೂಬು ಬದಲಾವಣೆ, ಬೇರಿಂಗ್ ಕೆಲಸ, ವಾಲ್ವು ಕೂರಿಸುವುದು ಎಲ್ಲಿ ನಡೆಯುತ್ತಿದೆ ಎಂದು ವರ್ಷವರ್ಷ ಕೇಳಿ ಬರೆದುಕೊಳ್ಳಿ.

ಹಲ್ಲಿನ ಪಟ್ಟಿ

ಇಲ್ಲಿರುವ ಆಬ್ಟ್ ಪದ್ಧತಿಯಲ್ಲಿ ಹಲ್ಲಿನ ಎರಡು ಪಟ್ಟಿಗಳು ಪಕ್ಕಪಕ್ಕ ಇರುತ್ತವೆ, ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗಿ. ಯಾವ ಕ್ಷಣದಲ್ಲೂ ಒಂದು ಹಲ್ಲಾದರೂ ಹಿಡಿತದಲ್ಲಿರಲಿ ಎಂದು ಹೀಗೆ. ಸಂದಿಯಲ್ಲಿ ಜಲ್ಲಿ ಸಿಕ್ಕಿಕೊಂಡರೆ ಹಲ್ಲುಚಕ್ರ ಮೇಲೇಳುತ್ತದೆ, ಅದು ಈ ದಾರಿಯ ದೊಡ್ಡ ಅಪಾಯಗಳಲ್ಲೊಂದು. ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ನಡೆದೇ ನೋಡಬೇಕು, ಟ್ರಾಲಿಯಲ್ಲಿ ಕೂತು ಹೋದರೆ ಸಂದಿ ಕಾಣದು. ಹೀಗಾಗಿ ಗ್ಯಾಂಗ್‌ಮನ್ ಹುದ್ದೆಗಳ ಲೆಕ್ಕವೂ ನಿಮ್ಮ ರಿಜಿಸ್ಟರಿನಲ್ಲಿ ಇರಲಿ. ಬೋಗಿಗಳ ಮೇಲೆ ನಿಂತು ಬಾವುಟ ತೋರಿಸುತ್ತಾ ಬ್ರೇಕು ಹಿಡಿಯುವ ಬ್ರೇಕ್ಸ್‌ಮನ್ನರದೂ ಅಷ್ಟೇ. ಫೋಟೋಗೆ ಚೆಂದ ಕಾಣುವ ಕೆಲಸ ಎಂದು ಅದನ್ನು ಲಘುವಾಗಿ ಕಾಣಬೇಡಿ, ಇಳಿಯುವಾಗ ಜೀವ ಅವರ ಕೈಯಲ್ಲಿರುತ್ತದೆ.

ಊರಿನವರು ಹತ್ತಬೇಕು

ಪ್ರವಾಸಿ ರೈಲು ಎಂದು ಒಪ್ಪಿಕೊಂಡ ದಿನವೇ ಅದು ಅರ್ಧ ಹೋಯಿತು. ಕೂನೂರು, ವೆಲ್ಲಿಂಗ್ಟನ್, ಅರವಂಕಾಡು, ಕೇತಿ, ಲವ್‌ಡೇಲ್, ಊಟಿ ನಡುವೆ ಕೆಲಸಕ್ಕೆ, ಶಾಲೆಗೆ, ಸಂತೆಗೆ ಹೋಗುವವರು ಇರುವವರೆಗೆ ಇದು ಸಾರಿಗೆ. ಸಾರಿಗೆಯನ್ನು ನಿಲ್ಲಿಸಲು ಕಾರಣ ಹೇಳಬೇಕಾಗುತ್ತದೆ, ಮನರಂಜನೆಯನ್ನು ನಿಲ್ಲಿಸಲು ಏನೂ ಬೇಡ. ರಿಸರ್ವ್ ಮಾಡದ ಬೋಗಿ ಇರಲೇಬೇಕು, ಬೆಳಿಗ್ಗೆ ಸಂಜೆಯ ಸಮಯ ಶಾಲೆ ಕಚೇರಿಗೆ ಹೊಂದಬೇಕು ಎಂದು ಕೇಳಿ. ಹತ್ತಿದಾಗಲೆಲ್ಲ ಟಿಕೆಟ್ ಕೊಳ್ಳಿ. ನಾಳೆ ಅಂಕಿಅಂಶ ಕೇಳಿದಾಗ ನಿಮ್ಮ ಪರವಾಗಿ ಸಾಕ್ಷಿ ಹೇಳುವುದು ಆ ಟಿಕೆಟ್ ಮಾತ್ರ.

ಕರ್ನಾಟಕದಿಂದ ಬರುವವರಿಗೂ ಒಂದು ಮಾತು. ಮೈಸೂರು, ಗುಂಡ್ಲುಪೇಟೆ, ಬಂಡೀಪುರದ ಮೇಲೆ ಊಟಿಗೆ ಬಂದವರು ಊಟಿಯಿಂದ ಕೂನೂರಿಗೆ ಡೀಸೆಲ್ ಗಾಡಿಯಲ್ಲಿ ಹೋಗಿ ಬಂದು ರೈಲು ನೋಡಿದೆವು ಎಂದುಕೊಳ್ಳುತ್ತಾರೆ. ಹಲ್ಲಿನ ದಾರಿ ಇರುವುದು ಕೂನೂರಿನ ಕೆಳಗೆ. ಮಧ್ಯಾಹ್ನ ಊಟಿಯಿಂದ ಇಳಿಯುವ ಗಾಡಿಯಲ್ಲಿ ಮೆಟ್ಟುಪಾಳ್ಯದವರೆಗೂ ಹೋಗಿ, ಅಲ್ಲೊಂದು ರಾತ್ರಿ ಉಳಿಯಿರಿ. ನಿಮ್ಮ ದುಡ್ಡು ಬೆಟ್ಟದ ಎರಡೂ ತುದಿಯ ಅಂಗಡಿ ಹೋಟೆಲಿಗೆ ಸೇರುತ್ತದೆ, ಆ ಅಂಗಡಿಯವರೇ ನಾಳೆ ರೈಲಿಗಾಗಿ ಬೀದಿಗೆ ಇಳಿಯುವವರು.

ಕಾಗದದ ಕೆಲಸ

ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಸಿಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ. ಈ ದಾರಿ ಸೇಲಂ ವಿಭಾಗಕ್ಕೆ ಸೇರಿದ್ದರಿಂದ ಅರ್ಜಿ ಅಲ್ಲಿಗೆ. ‘ರೈಲು ಏಕೆ ನಿಲ್ಲಿಸಿದಿರಿ’ ಎಂದು ಬರೆಯಬೇಡಿ, ಕಾರಣ ವಿವರಿಸುವುದು ಮಾಹಿತಿಯಲ್ಲ ಎಂದು ವಾಪಸ್ ಬರುತ್ತದೆ. ದಾಖಲೆ ಕೇಳಿ: ಕಳೆದ ಮೂರು ವರ್ಷ ರದ್ದಾದ ಗಾಡಿಗಳ ಪಟ್ಟಿ ಕಾರಣ ಸಮೇತ, ಕೂನೂರು ಶೆಡ್ಡಿನ ಮಂಜೂರಾದ ಮತ್ತು ಭರ್ತಿಯಾದ ಹುದ್ದೆಗಳು, ಪ್ರತಿ ಇಂಜಿನ್ ಗೋಲ್ಡನ್ ರಾಕ್‌ಗೆ ಹೋದ ಮತ್ತು ಬಂದ ತಾರೀಖು, ನಿಲ್ದಾಣವಾರು ಟಿಕೆಟ್ ಮಾರಾಟ. ಒಂದು ಅರ್ಜಿಗೆ ಒಂದೇ ವಿಷಯ ಇಡಿ.

ವಿಭಾಗದ ಬಳಕೆದಾರರ ಸಲಹಾ ಸಮಿತಿಯಲ್ಲಿ ಊರಿನ ವ್ಯಾಪಾರಿಗಳ, ಪ್ರಯಾಣಿಕರ ಸಂಘದ ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ. ಸಭೆಗೆ ಭಾಷಣ ಬೇಡ, ಮಾಹಿತಿ ಹಕ್ಕಿನಲ್ಲಿ ಸಿಕ್ಕ ಅಂಕಿ ಕೊಂಡೊಯ್ಯಿರಿ.

ಯುನೆಸ್ಕೋ ಹಲಗೆ ತಾನಾಗಿ ಏನನ್ನೂ ಕಾಯುವುದಿಲ್ಲ, ಆದರೆ ಅದರ ಕಾರ್ಯನಿರ್ವಹಣೆಯ ಮಾರ್ಗಸೂಚಿಯ ಎರಡು ಕಂಡಿಕೆಗಳು ಕೈಗೆ ಬಲ ಕೊಡುತ್ತವೆ. 172ನೆಯದು ದೊಡ್ಡ ಬದಲಾವಣೆ, ಹೊಸ ಕಟ್ಟಡಗಳ ಬಗ್ಗೆ ತಿದ್ದಲಾಗದ ತೀರ್ಮಾನ ಆಗುವ ಮೊದಲೇ ತಿಳಿಸಿ ಎಂದು ದೇಶವನ್ನು ಕೇಳುತ್ತದೆ. 174ನೆಯದು ಹೊರಗಿನವರಿಂದ ಬಂದ ದೂರನ್ನು ಆ ದೇಶದ ಬಳಿ ವಿಚಾರಿಸುವ ದಾರಿ. ಬರೆಯುವಾಗ ತಾಣದ ಹೆಸರು ‘ಭಾರತದ ಪರ್ವತ ರೈಲುಗಳು’, ಸಂಖ್ಯೆ 944 ಎಂದು ನಮೂದಿಸಿ. ಡಾರ್ಜಿಲಿಂಗ್ ಮತ್ತು ಕಾಲ್ಕಾ–ಶಿಮ್ಲಾ ರೈಲುಗಳೂ ಅದೇ ತಾಣದ ಭಾಗ, ಅಲ್ಲಿನ ಸಂಘಗಳನ್ನೂ ಜೊತೆಗೆ ಸೇರಿಸಿಕೊಳ್ಳಿ. ಕಿಲೋಮೀಟರ್ ಕಲ್ಲಿನ ನಂಬರ್, ಮೊದಲಿನ ಫೋಟೋ, ಈಗಿನ ಫೋಟೋ, ಒಂದು ಪುಟದ ಪತ್ರ, ಅಷ್ಟು ಸಾಕು.

ಮಳೆಗಾಲಕ್ಕೆ ಮುಂಚೆ

ಅಕ್ಟೋಬರಿನಿಂದ ಡಿಸೆಂಬರಿನ ಹಿಂಗಾರು ಮಳೆ ಕಲ್ಲಾರ್–ಕೂನೂರು ನಡುವೆ ಮಣ್ಣು ತಳ್ಳುತ್ತದೆ. ಸೆಪ್ಟೆಂಬರಿನಲ್ಲೇ ಮೋರಿಗಳು, ಪಕ್ಕದ ಚರಂಡಿಗಳು ತೆರವಾಗಿರಬೇಕು. ಕುಸಿತಗಳಲ್ಲಿ ಬಹಳಷ್ಟು ಮೇಲಿನಿಂದ ಬರುವ ನೀರಿಗೆ ದಾರಿ ಇಲ್ಲದೆ ಆಗುವಂಥವು. ಹಳಿಯ ಮೇಲ್ಭಾಗದ ಇಳಿಜಾರಿನಲ್ಲಿ ಹೊಸ ರಸ್ತೆ, ಕಟ್ಟಡ ಎದ್ದರೆ ಅದು ರೈಲ್ವೆಯ ಗಡಿಯ ಹೊರಗಿರುತ್ತದೆ, ಅದನ್ನು ಪಂಚಾಯತಿಯಲ್ಲಿ, ನಗರಸಭೆಯಲ್ಲಿ ತಡೆಯಬೇಕಾದವರು ಊರಿನವರೇ. ತಡೆಗೋಡೆ ಕೇಳುವಾಗ ಆನೆ ದಾಟುವ ಜಾಗ ಬಿಟ್ಟು ಕೇಳಿ. ಗೋಡೆ ಎದ್ದರೆ ಆನೆಗಳು ಹಳಿಯ ಮೇಲೇ ಸಿಕ್ಕಿಬೀಳುತ್ತವೆ.

ಇಂಜಿನ್ ಹೊರಗೆ ಕೇಳಿದಾಗ

ಪ್ರದರ್ಶನಕ್ಕೋ ಮ್ಯೂಸಿಯಂಗೋ ಇಂಜಿನ್ ಕೇಳಿದರೆ ಬೇಡ ಎನ್ನುವುದಕ್ಕಿಂತ ಷರತ್ತು ಬರೆಸುವುದು ಮೇಲು. ವಾಪಸ್ ಬರುವ ತಾರೀಖು ಇರಲಿ, ‘ಮುಂದಿನ ಆದೇಶದವರೆಗೆ’ ಎಂಬ ಮಾತು ಬೇಡ. ಸಾಗಣೆ ಎರಡೂ ಕಡೆಯದು ಯಾರ ಖರ್ಚು, ಬಿಚ್ಚಿದ ಭಾಗಗಳ ಪಟ್ಟಿ, ಹೋಗುವಾಗಿನ ಸ್ಥಿತಿಯ ಫೋಟೋ, ಬರುವಾಗ ಬಾಯ್ಲರ್ ಪರೀಕ್ಷೆಯ ಪ್ರಮಾಣಪತ್ರ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ, ಅಮೆರಿಕದಲ್ಲಿ 1472 ಕೆಲಸದ ದಿನ ಅಥವಾ 15 ವರ್ಷ, ಯಾವುದು ಮೊದಲೋ ಅದಕ್ಕೆ ಬಾಯ್ಲರ್ ಪೂರ್ತಿ ಬಿಚ್ಚಿ ನೋಡುತ್ತಾರೆ. ಈ ಅವಧಿಯ ಕೊನೆಯ ವರ್ಷದಲ್ಲಿ ಸಾಲ ಕೊಟ್ಟರೆ ವಾಪಸ್ ಬರುವುದು ಓಡಲಾಗದ ಕಬ್ಬಿಣ.

ಒಡೆತನವೇ ಊರಿನ ಕಡೆಗೆ ಬರುವ ಸಂದರ್ಭ ಬೇರೆ ದೇಶಗಳಲ್ಲಿ ಒದಗಿದೆ. 1970ರಲ್ಲಿ ಅಮೆರಿಕದ ಕೊಲೊರಾಡೊ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳು ಸೇರಿ 64 ಮೈಲಿಯ ಕಂಬ್ರೆಸ್–ಟಾಲ್ಟೆಕ್ ದಾರಿಯನ್ನು ಇಂಜಿನ್‌ಗಳ ಸಮೇತ ಕೊಂಡವು. ಅಲ್ಲಿನ ಜಾಣತನವೆಂದರೆ ಒಡೆತನ ಸರ್ಕಾರದ ಬಳಿ ಇಟ್ಟು ಓಡಿಸುವುದನ್ನು ಬೇರೆಯಾಗಿ ಕೊಟ್ಟದ್ದು. ಓಡಿಸುವವರು ಸೋತರೆ ಅವರು ಹೋಗುತ್ತಾರೆ, ಹಳಿ ಹೋಗುವುದಿಲ್ಲ. ವೇಲ್ಸಿನ ಟಾಲಿಲಿನ್ ರೈಲನ್ನು 1951ರಿಂದ ಸ್ವಯಂಸೇವಕರ ಸಂಘವೇ ನಡೆಸುತ್ತಿದೆ, ಅದು ಇಂದಿಗೂ ಟೈವಿನ್ ಪಟ್ಟಣದಿಂದಲೇ ಹೊರಡುತ್ತದೆ. ಇಂಥ ಸಂಘ ಕಟ್ಟುವವರು ನೋಂದಣಿಯ ದಿನವೇ ನಿಯಮಾವಳಿಯಲ್ಲಿ ಮೂರು ಸಾಲು ಬರೆಸಬೇಕು: ಆಡಳಿತ ಮಂಡಳಿಯ ಅರ್ಧಕ್ಕಿಂತ ಹೆಚ್ಚು ಜನ ಆ ದಾರಿಯ ಊರುಗಳಲ್ಲಿ ವಾಸವಿರಬೇಕು, ಟಿಕೆಟ್ ಹಣದ ಗೊತ್ತಾದ ಪಾಲು ಪ್ರತಿ ತಿಂಗಳೂ ಬಾಯ್ಲರ್ ನಿಧಿಗೆ ಹೋಗಬೇಕು, ಅದನ್ನು ಸಂಬಳಕ್ಕೆ ಮುಟ್ಟುವಂತಿಲ್ಲ, ಸಂಘ ಮುಚ್ಚಿದರೆ ಇಂಜಿನ್, ನಕ್ಷೆ, ಹೆಸರು ಮೂರೂ ಊರಿನ ಸ್ಥಳೀಯ ಸಂಸ್ಥೆಗೆ ಸೇರಬೇಕು. ಸಂಘ ಸಾಲದಲ್ಲಿ ಮುಚ್ಚಿದರೆ ಸಾಲ ಕೊಟ್ಟವರ ಹಕ್ಕೇ ಮೊದಲು ಬರುತ್ತದೆ, ಆದ್ದರಿಂದ ಈ ಆಸ್ತಿಗಳನ್ನು ಅಡಮಾನ ಇಟ್ಟು ಸಾಲ ತೆಗೆಯಬಾರದು. ವಕೀಲರ ಕೈಯಲ್ಲಿ ಅದನ್ನೂ ಬರೆಸಿ, ಆಮೇಲೆ ಸಹಿ ಹಾಕಿ.