ಎಡಪುಟ, ಬಲಪುಟ: ಡಾಕ್ಯುಮೆಂಟರಿ ನೋಡುವ ನನ್ನ ಅಭ್ಯಾಸ

ಡಾಕ್ಯುಮೆಂಟರಿ ನೋಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿರುತ್ತೇನೆ. ನೋಡುತ್ತಾ ಏನನ್ನಿಸಿತೋ ಅದು ಎಡಪುಟಕ್ಕೆ, ಎಷ್ಟನೇ ನಿಮಿಷ ಅನ್ನೋದರ ಸಮೇತ. ಬಲಪುಟ ಆಗ ಖಾಲಿ ಇರುತ್ತದೆ. ಆ ಚಿತ್ರ ಹೇಗೆ ತಯಾರಾಯಿತು ಅಂತ ಆಮೇಲೆ ಓದುತ್ತೇನೆ, ಓದಿದ ಮೇಲೆ ಅನ್ನಿಸಿದ್ದು ಬಲಪುಟಕ್ಕೆ. ನಿಯಮ ಒಂದೇ: ಬಲಪುಟ ಬರೆದ ಮೇಲೆ ಎಡಪುಟ ತಿದ್ದುವ ಹಾಗಿಲ್ಲ.

ಇದು ಶುರುವಾಗಿದ್ದು ಒಂದು ಬೇಜಾರಿನಿಂದ. ಓಟಿಟಿಯಲ್ಲಿ ಹೊಸದಾಗಿ ಬಂದಿದ್ದ ಆರು ಎಪಿಸೋಡಿನ ಅಪರಾಧ ಸರಣಿಯೊಂದನ್ನು ಎರಡೇ ರಾತ್ರಿಯಲ್ಲಿ ನೋಡಿ ಮುಗಿಸಿದ್ದೆ, ಸಿಕ್ಕವರಿಗೆಲ್ಲ ನೋಡಿ ನೋಡಿ ಅಂತ ಹೇಳಿದ್ದೆ. ಮೂರು ವಾರ ಕಳೆದ ಮೇಲೆ ತಂಗಿ ಕೇಳಿದಳು, "ಅಕ್ಕಾ, ಕೊನೆಗೆ ಆ ಸಾಕ್ಷಿ ಹೇಳಿದ್ದು ನಿಜಾನಾ, ಸುಳ್ಳಾ?" ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನೆನಪಿದ್ದದ್ದು ಡ್ರೋನಿನಲ್ಲಿ ಮೇಲಿನಿಂದ ತೆಗೆದ ಕಪ್ಪು ರಸ್ತೆ, ಮತ್ತೆ ಒಂದೇ ಸಮನೆ ಗುಂಯ್‌ಗುಡುವ ಸಂಗೀತ. ನಿಜವಾಗಿ ಬದುಕಿದ್ದ ಮನುಷ್ಯನೊಬ್ಬನ ಜೀವನ ಹಾಳಾದ ಕಥೆ ಅದು. ಅದನ್ನೇ ಮರೆತಿದ್ದೆನಲ್ಲ ಅಂತ ಮನಸ್ಸಿಗೆ ತುಂಬಾ ಕಷ್ಟವಾಯಿತು.

ಅದೇ ಹೊತ್ತಿಗೆ, ಯಾವತ್ತೋ ನೋಡಿದ್ದ 1895ರ ಲೂಮಿಯೇರ್ ಸಹೋದರರ ಚಿತ್ರ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿತ್ತು. ಫ್ಯಾಕ್ಟರಿ ಬಾಗಿಲು ತೆರೆಯುತ್ತದೆ, ಕೆಲಸದವರು ಹೊರಗೆ ಬರುತ್ತಾರೆ, ಅಷ್ಟೇ. ಒಂದು ನಿಮಿಷವೂ ಇಲ್ಲ. ಆದರೆ ಜನರ ನಡುವೆ ಓಡಾಡುವ ನಾಯಿ, ಹೆಂಗಸರ ಉದ್ದ ಲಂಗ, ಸೈಕಲ್ ಹತ್ತಿ ಹೋಗುವವರು, ಎಲ್ಲ ನೆನಪಿದೆ. ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅದನ್ನೇ ಮತ್ತೆ ನೋಡಿದೆ. "ಕೆಲಸ ಮುಗಿಸಿ ಮನೆಗೆ ಹೋಗೋ ಖುಷಿ" ಅಂತ ಎಡಪುಟದಲ್ಲಿ ಬರೆದೆ. ಆಮೇಲೆ ಓದಿದರೆ, ಅದನ್ನು ಒಂದಲ್ಲ ಮೂರು ಸಲ ತೆಗೆದಿದ್ದಾರೆ. ಒಂದರಲ್ಲಿ ಬಂಡಿಗೆ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಫ್ಯಾಕ್ಟರಿಯೂ ಲೂಮಿಯೇರ್ ಮನೆತನದ್ದೇ. ಅಂದರೆ ಕ್ಯಾಮೆರಾ ಇಟ್ಟವರು ಆ ಕೆಲಸದವರ ಧಣಿಗಳು. ಯಾರೊಬ್ಬರೂ ಕ್ಯಾಮೆರಾ ಹತ್ತಿರ ಬಂದು ಇದೇನು ಅಂತ ಇಣುಕಿ ನೋಡದೆ ಸೀದಾ ನಡೆದುಹೋಗೋದು ಯಾಕೆ ಅಂತ ಆಗ ಹೊಳೆಯಿತು. ಬಲಪುಟದ ಮೊದಲ ಸಾಲು ಅದೇ.

ನೋಡುವ ಮೊದಲು ಕೆಲವು ಸಣ್ಣ ತಯಾರಿ ಮಾಡಿಕೊಳ್ಳುತ್ತೇನೆ. ಒಂದು ಎಪಿಸೋಡ್ ಮುಗಿದ ತಕ್ಷಣ ಮುಂದಿನದು ತಾನಾಗಿ ಶುರುವಾಗುವ ಆಟೋಪ್ಲೇ ಆಫ್ ಮಾಡುತ್ತೇನೆ. ಕೊನೆಯ ಹೆಸರುಗಳು ಓಡುವ ಆ ಎರಡು ನಿಮಿಷವೇ ನನಗೆ ಬರೆಯುವ ಸಮಯ, ಅದನ್ನು ಬಿಟ್ಟುಕೊಡಲು ಆಗಲ್ಲ. ಟಿವಿಯಲ್ಲಿ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಇಲ್ಲದಿದ್ದರೆ ಹಳೆಯ ಫಿಲ್ಮು ಕೂಡ ಟಿವಿ ಧಾರಾವಾಹಿ ತರಹ ಕಾಣುತ್ತದೆ. ಇನ್ನೊಂದು ಮುಖ್ಯ ವಿಷಯ. ಹಳೆಯ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3. ಅದನ್ನು ಅಗಲ ಪರದೆಗೆ ಎಳೆದು ಹಿಗ್ಗಿಸಿದರೆ ಎಲ್ಲರ ಮುಖವೂ ಊದಿಕೊಂಡ ಹಾಗೆ ಕಾಣುತ್ತದೆ. ಎರಡೂ ಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ. ಒಂದೂವರೆ ಪಟ್ಟು ವೇಗದಲ್ಲಿ ಮಾತ್ರ ನೋಡಲೇಬೇಡಿ. ಒಬ್ಬರು ಉತ್ತರ ಕೊಡುವ ಮುಂಚೆ ಸುಮ್ನೆ ಕೂರುತ್ತಾರಲ್ಲ, ಎಷ್ಟೋ ಸಲ ಇಡೀ ಉತ್ತರ ಅಲ್ಲೇ ಇರುತ್ತದೆ.

ನನಗೆ ಜಾಸ್ತಿ ಕಲಿಸಿದ್ದು ಮೂರು ಹಳೆಯ ಚಿತ್ರಗಳು. ಮೂರರಲ್ಲೂ ಒಂದಲ್ಲ ಒಂದು "ಮಾಡಿಸಿದ" ಭಾಗ ಇದೆ. ಆದರೆ ಮೂರರ ಬಲಪುಟವೂ ಒಂದೇ ತರಹ ಬರಲಿಲ್ಲ.

ಮೊದಲನೆಯದು ರಾಬರ್ಟ್ ಫ್ಲಾಹರ್ಟಿಯ 1922ರ ನಾನೂಕ್ ಆಫ್ ದಿ ನಾರ್ತ್. ಉತ್ತರ ಕೆನಡಾದ ಹಿಮದ ನಾಡಿನಲ್ಲಿ ಬದುಕುವ ಇನ್ಯೂಟ್ ಬುಡಕಟ್ಟಿನ ಬೇಟೆಗಾರ ನಾನೂಕ್‌ನ ಕಥೆ. ಹಿಮದ ಮನೆ ಕಟ್ಟುವ ದೃಶ್ಯದಲ್ಲಿ, ಅವನು ಮಂಜುಗಡ್ಡೆಯ ಒಂದು ಹಲಗೆ ಕತ್ತರಿಸಿ ಕಿಟಕಿ ಮಾಡುತ್ತಾನೆ, ಬೆಳಕು ಒಳಗೆ ಬೀಳಲಿ ಅಂತ ಪಕ್ಕದಲ್ಲಿ ಹಿಮದ ತುಂಡೊಂದನ್ನು ನಿಲ್ಲಿಸುತ್ತಾನೆ. ಅಲ್ಲಿ ನಾನು ಬರೆದಿದ್ದು, "ಎಂಥ ಕೈ ಇವನದು!" ಆಮೇಲೆ ಗೊತ್ತಾಗಿದ್ದು ಒಂದೊಂದೇ ಚುಚ್ಚಿತು. ಅವನ ಹೆಸರು ನಾನೂಕ್ ಅಲ್ಲ, ಅಲ್ಲಕರಿಯಲ್ಲಕ್. ಹೆಂಡತಿ ಅಂತ ತೋರಿಸಿದವಳು ಅವನ ಹೆಂಡತಿಯಲ್ಲ. ಆ ಕಾಲಕ್ಕೆ ಅವರು ಬೇಟೆಗೆ ಬಂದೂಕು ಬಳಸುತ್ತಿದ್ದರೂ ಅಜ್ಜಂದಿರ ಕಾಲದ ಹಾಗೆ ಈಟಿಯಲ್ಲೇ ಬೇಟೆಯಾಡಿ ತೋರಿಸಿದರು. ಮನೆಯ ಒಳಗಿನ ದೃಶ್ಯಕ್ಕೆ ಕ್ಯಾಮೆರಾಕ್ಕೆ ಬೆಳಕು ಸಾಲದು ಅಂತ ಅರ್ಧ ಗೋಡೆಯೇ ಇಲ್ಲದ ಹಿಮದ ಮನೆ ಕಟ್ಟಿಸಿದ್ದರು, ಆ ಚಳಿಯಲ್ಲಿ ಅವರು ಅಲ್ಲೇ ಬಟ್ಟೆ ಬಿಚ್ಚಿ ಮಲಗಿದಂತೆ ಮಾಡಬೇಕಾಯಿತು. ಗ್ರಾಮಫೋನ್ ತಟ್ಟೆಯನ್ನು ಅವನು ಕಚ್ಚಿ ನೋಡುವ ದೃಶ್ಯ ಇದೆಯಲ್ಲ, ಅದೂ ನಟನೆ. ಅವನಿಗೆ ಗ್ರಾಮಫೋನ್ ಗೊತ್ತಿತ್ತು. ಅಲ್ಲಿ ನಾನು ಎಡಪುಟದಲ್ಲಿ "ನಗು ಬಂತು" ಅಂತ ಬರೆದಿದ್ದೆ. ಆ ಎರಡು ಪದ ಹೊಡೆದು ಹಾಕಬೇಕು ಅಂತ ತುಂಬಾ ಅನ್ನಿಸಿತು. ಹಾಕಲಿಲ್ಲ. ನೂರು ವರ್ಷದ ಹಿಂದೆ ಪ್ರೇಕ್ಷಕರನ್ನು ನಗಿಸಲು ಮಾಡಿದ್ದ ಉಪಾಯ ನನ್ನ ಮೇಲೂ ಕೆಲಸ ಮಾಡಿತಲ್ಲ, ಅದಕ್ಕೆ ಆ ಎರಡು ಪದವೇ ಸಾಕ್ಷಿ. ಇನ್ನು ಹಿಮ ಕತ್ತರಿಸುವ ಆ ಕೈ? ಅದು ನಿಜವೇ. ಅದನ್ನು ಯಾರೂ ಹೇಳಿಕೊಟ್ಟು ಮಾಡಿಸಲಾಗದು.

ಎರಡನೆಯದು 1936ರ ನೈಟ್ ಮೇಲ್, ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ರಾತ್ರಿಯಿಡೀ ಓಡುವ ಅಂಚೆ ರೈಲಿನ ಚಿತ್ರ. ಓಡುವ ಬೋಗಿಯೊಳಗೆ ನಿಂತುಕೊಂಡೇ ಕಾಗದ ವಿಂಗಡಿಸುವವರನ್ನು ನೋಡಿ ಬೆರಗಾಗಿದ್ದೆ. ನೋಡಿದರೆ ಆ ಬೋಗಿ ಸ್ಟುಡಿಯೋದಲ್ಲಿ ಹಾಕಿದ ಸೆಟ್! ಆ ಕಾಲದ ಭಾರದ ಧ್ವನಿ ಯಂತ್ರಗಳನ್ನು ಓಡುವ ರೈಲಿನಲ್ಲಿಟ್ಟು ಅಂಥ ದೃಶ್ಯ ತೆಗೆಯೋದು ಆಗದ ಮಾತು. ರೈಲು ಅಲುಗಾಡುತ್ತಿದೆ ಅಂತ ಕಾಣಲು ಒಂದು ದಾರ ತೂಗುಬಿಟ್ಟು, ಅದಕ್ಕೆ ತಕ್ಕಂತೆ ಮೈ ತೂಗಿ ಅಂತ ಅವರಿಗೆ ಹೇಳಿದ್ದರು. ಆದರೂ ನನಗೆ ಸಿಟ್ಟು ಬರಲಿಲ್ಲ. ಯಾಕೆಂದರೆ ಅಲ್ಲಿದ್ದವರು ನಿಜವಾದ ಅಂಚೆ ನೌಕರರು, ಅವರು ಪ್ರತಿ ರಾತ್ರಿ ಮಾಡುವ ಕೆಲಸವನ್ನೇ ಮಾಡಿ ತೋರಿಸಿದರು. ಸೆಟ್ ಹಾಕಿದ್ದರಿಂದ ಅವರ ಬದುಕೇನೂ ಬೇರೆ ಆಗಿಬಿಡಲಿಲ್ಲ.

ಮೂರನೆಯದು ಡಿಸ್ನಿಯ 1958ರ ವೈಟ್ ವೈಲ್ಡರ್‌ನೆಸ್. ಇದಕ್ಕೆ ಆಸ್ಕರ್ ಕೂಡ ಬಂದಿದೆ. ಲೆಮ್ಮಿಂಗ್ ಅನ್ನುವ ಇಲಿಯಂಥ ಪ್ರಾಣಿಗಳು ಗುಂಪು ಗುಂಪಾಗಿ ಬಂಡೆಯ ತುದಿಯಿಂದ ನೀರಿಗೆ ಬೀಳೋದನ್ನು ತೋರಿಸುತ್ತಾರೆ. ಅವು ಹಾಗೆ ಸಾಯಲು ಹೊರಡುತ್ತವೆ ಅನ್ನೋದೇ ಸುಳ್ಳು. ಕೆನಡಾದ ಟಿವಿ ಕಾರ್ಯಕ್ರಮವೊಂದು 1982ರಲ್ಲಿ ಇದನ್ನು ಬಯಲಿಗೆ ತಂದಿತು. ಪ್ರಾಣಿಗಳನ್ನು ಬೇರೆ ಕಡೆಯಿಂದ ಕೊಂಡು ತಂದು, ತಿರುಗುವ ಹಲಗೆಯ ಮೇಲೆ ಓಡಿಸಿ ಗುಂಪು ದೊಡ್ಡದು ಅನ್ನಿಸುವಂತೆ ತೆಗೆದು, ಕೊನೆಗೆ ಬಂಡೆಯಿಂದ ಕೆಳಕ್ಕೆ ದೂಡಿದ್ದರು. ನನ್ನ ಎಡಪುಟದಲ್ಲಿ ಆ ದೃಶ್ಯಕ್ಕೆ "ಪ್ರಕೃತಿ ಎಷ್ಟು ಕ್ರೂರ" ಅಂತ ಇದೆ. ಕ್ರೂರವಾಗಿದ್ದು ಪ್ರಕೃತಿಯಲ್ಲ. ಬಲಪುಟದಲ್ಲಿ ಅಷ್ಟೇ ಬರೆಯಲು ಸಾಧ್ಯವಾಯಿತು, ಆ ದಿನ ಮತ್ತೇನೂ ನೋಡಲಿಲ್ಲ.

ಅಲ್ಲಿಂದ ಮುಂದೆ "ಇದು ನಿಜವಾಗಿ ನಡೆದಿದ್ದಾ, ಮಾಡಿಸಿದ್ದಾ?" ಅನ್ನೋ ಪ್ರಶ್ನೆಯೊಂದನ್ನೇ ಹಿಡಿದು ಕೂರೋದನ್ನು ಬಿಟ್ಟೆ. ಮಾಡಿಸಿದ್ದರಿಂದ ಯಾರಿಗೆ ಏನಾಯಿತು? ಈಗ ಮೊದಲು ಹುಡುಕೋದು ಇದನ್ನು.

ಹೊಸ ಚಿತ್ರಗಳಲ್ಲಿ ಇಂಥದ್ದು ಹುಡುಕುವುದು ಕಷ್ಟ, ಯಾಕೆಂದರೆ ಅಲ್ಲಿ ಕೈವಾಡ ಜಾಸ್ತಿ ಇರೋದು ದೃಶ್ಯದಲ್ಲಲ್ಲ, ಧ್ವನಿಯಲ್ಲಿ. ಇದಕ್ಕೆ ನಾನು ಮಾಡುವ ಪರೀಕ್ಷೆ ಸುಲಭದ್ದು. ಮನಸ್ಸು ಕಲಕಿದ ಹತ್ತು ನಿಮಿಷವನ್ನು ಆರಿಸಿಕೊಂಡು, ಮಾರನೆಯ ದಿನ ಧ್ವನಿ ಪೂರ್ತಿ ಆಫ್ ಮಾಡಿ ಸಬ್‌ಟೈಟಲ್ ಹಾಕಿಕೊಂಡು ಮತ್ತೆ ನೋಡುತ್ತೇನೆ. ಆಗಲೂ ಎದೆ ಭಾರವಾದರೆ ಅದು ಆ ಮನುಷ್ಯರ ಮುಖದಿಂದ, ಅವರ ಮಾತಿನಿಂದ ಬಂದದ್ದು. ಏನೂ ಅನ್ನಿಸದಿದ್ದರೆ ಸಂಗೀತದಿಂದ ಬಂದದ್ದು. ಪ್ರಾಣಿಗಳ ಚಿತ್ರಗಳಲ್ಲಂತೂ ಈ ಪರೀಕ್ಷೆ ಮಾಡಿಯೇ ನೋಡಬೇಕು. ಅವುಗಳನ್ನು ತುಂಬಾ ದೂರದಿಂದ, ಉದ್ದನೆಯ ಲೆನ್ಸಿನಲ್ಲಿ ತೆಗೆಯುತ್ತಾರೆ, ಅಷ್ಟು ದೂರದ ಹೆಜ್ಜೆ ಸಪ್ಪಳ ಮೈಕಿಗೆ ಸಿಗೋದಿಲ್ಲ. ಹಿಮದ ಮೇಲೆ ಕರಡಿ ನಡೆಯುವ ಕರಕರ ಸದ್ದನ್ನು ಹೆಚ್ಚಾಗಿ ಆಮೇಲೆ ಸ್ಟುಡಿಯೋದಲ್ಲಿ ಕೂತು ಯಾರೋ ಮಾಡಿರುತ್ತಾರೆ. ಅದನ್ನು ಮೋಸ ಅನ್ನಲಾರೆ. ಗೊತ್ತಿದ್ದು ನೋಡೋದು ಒಳ್ಳೇದು, ಅಷ್ಟೇ.

ಪೀಟರ್ ಜಾಕ್ಸನ್ 2018ರಲ್ಲಿ ಮಾಡಿದ ದೇ ಶಲ್ ನಾಟ್ ಗ್ರೋ ಓಲ್ಡ್ ನೋಡಿದಾಗ ಈ ಪರೀಕ್ಷೆ ನನ್ನನ್ನೇ ಅಚ್ಚರಿಗೊಳಿಸಿತು. ಮೊದಲ ಮಹಾಯುದ್ಧದ ಹಳೆಯ ಕಪ್ಪುಬಿಳುಪು ತುಣುಕುಗಳಿಗೆ ಬಣ್ಣ ಹಾಕಿ, ಸೈನಿಕರ ತುಟಿ ಚಲನೆ ಓದಬಲ್ಲವರನ್ನು ಕೂರಿಸಿ ಅವರು ಆಡಿದ ಮಾತು ಕಂಡುಹಿಡಿದು, ನಟರಿಂದ ಆ ಮಾತು ಹೇಳಿಸಿದ್ದಾರೆ. ಚಿಕ್ಕ ಚೌಕಟ್ಟು ಅಗಲವಾಗಿ ಬಣ್ಣ ಬರುವ ಕ್ಷಣಕ್ಕೆ ನಾನು ಬರೆದದ್ದು, "ಇವರು ನಮ್ಮ ಹುಡುಗರ ಹಾಗೇ ಇದ್ದಾರೆ." ಬಣ್ಣದಿಂದಲೇ ಹಾಗನ್ನಿಸಿತು ಅಂದುಕೊಂಡಿದ್ದೆ. ಧ್ವನಿ ಆಫ್ ಮಾಡಿ, ಟಿವಿಯನ್ನೂ ಕಪ್ಪುಬಿಳುಪಿಗೆ ಹಾಕಿ ನೋಡಿದೆ. ಆಗಲೂ ಹಾಗೇ ಅನ್ನಿಸಿತು. ಕಾರಣ ವೇಗ. ಆಗಿನ ಕ್ಯಾಮೆರಾಗಳನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ ಹದಿಮೂರೋ ಹದಿನಾರೋ ಹದಿನೆಂಟೋ ಚಿತ್ರ, ತಿರುಗಿಸುವವರ ಕೈ ಹೋದಂತೆ. ಅದನ್ನು 24ರ ವೇಗದಲ್ಲಿ ಓಡಿಸಿದರೆ ಎಲ್ಲರೂ ಗೊಂಬೆಗಳ ಹಾಗೆ ತಟಪಟ ಓಡಾಡುತ್ತಾರೆ. ಜಾಕ್ಸನ್ ತಂಡ ಆ ವೇಗವನ್ನು ಸರಿಮಾಡಿತು. ಒಬ್ಬ ಮನುಷ್ಯ ಮನುಷ್ಯನ ವೇಗದಲ್ಲಿ ನಡೆದರೆ ಸಾಕು, ನೂರು ವರ್ಷದ ದೂರ ಕಾಣೆಯಾಗುತ್ತದೆ ಅಂತ ಬಲಪುಟದಲ್ಲಿ ಇದೆ.

ಅಪರಾಧ ಸರಣಿಗಳ ವಿಷಯಕ್ಕೆ ಬರುತ್ತೇನೆ, ಶುರುವಾಗಿದ್ದೇ ಅಲ್ಲಿಂದ ಅಲ್ವಾ. ಎರೋಲ್ ಮಾರಿಸ್ ಅವರ 1988ರ ದಿ ಥಿನ್ ಬ್ಲೂ ಲೈನ್ ನೋಡದೆ ಈಗಿನ ಯಾವ ಅಪರಾಧ ಸರಣಿಯನ್ನೂ ಅಳೆಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಟೆಕ್ಸಾಸ್‌ನಲ್ಲಿ ಪೊಲೀಸ್ ಒಬ್ಬನ ಕೊಲೆ, ಅದಕ್ಕೆ ಶಿಕ್ಷೆಯಾದದ್ದು ರ್‍ಯಾಂಡಲ್ ಆಡಮ್ಸ್‌ಗೆ. ಘಟನೆಯನ್ನು ನಟರಿಂದ ಮತ್ತೆ ಮತ್ತೆ ಮಾಡಿಸಿ ತೋರಿಸುತ್ತಾರೆ, ಆದರೆ ಪ್ರತಿ ಸಲ ಒಬ್ಬೊಬ್ಬ ಸಾಕ್ಷಿ ಹೇಳಿದ ಹಾಗೆ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಸಾಕ್ಷಿಗಳ ಮಾತು ಎಷ್ಟು ಜಾಳು ಅಂತ ನಮಗೇ ಕಾಣುತ್ತದೆ. ಮರುವರ್ಷ, 1989ರಲ್ಲಿ, ಆಡಮ್ಸ್ ಹೊರಗೆ ಬಂದರು. ಈಗಿನ ಎಷ್ಟೋ ಸರಣಿಗಳಲ್ಲಿ ಅದೇ ತರಹದ ಮಸುಕು ದೃಶ್ಯಗಳಿರುತ್ತವೆ, ಆದರೆ ಒಂದೇ ಕಥೆಯನ್ನು ನಂಬಿಸಲು. ಇಲ್ಲಿ ನನ್ನ ಧ್ವನಿ ಪರೀಕ್ಷೆಗೂ ಒಂದು ಪೆಟ್ಟು ಬಿತ್ತು, ಹೇಳಲೇಬೇಕು. ಈ ಚಿತ್ರದಲ್ಲೂ ಫಿಲಿಪ್ ಗ್ಲಾಸ್ ಅವರ ಸಂಗೀತ ಬಿಡದೆ ಸುತ್ತುತ್ತಲೇ ಇರುತ್ತದೆ, ಅದು ನನ್ನನ್ನು ಎಳೆದುಕೊಂಡು ಹೋಯಿತು. ಸಂಗೀತ ಇದ್ದ ಮಾತ್ರಕ್ಕೆ ಸುಳ್ಳು ಅಂತಲ್ಲ, ಈ ಚಿತ್ರ ನೋಡಿದ ಮೇಲೆ ಅಷ್ಟು ಕಟ್ಟುನಿಟ್ಟು ಮಾಡೋದನ್ನು ಬಿಟ್ಟೆ.

ಈಗ ತಂಗಿಯೂ ಜೊತೆಗೆ ಕೂರುತ್ತಾಳೆ, ಅವಳದೇ ಬೇರೆ ನೋಟ್‌ಬುಕ್. ಇಬ್ಬರೂ ಸೇರಿ ನೋಡಿದ್ದು ಇಂಗ್ಲೆಂಡಿನ ಅಪ್ ಸರಣಿ. 1964ರಲ್ಲಿ ಏಳು ವರ್ಷದ 14 ಮಕ್ಕಳನ್ನು ಮಾತಾಡಿಸಿ, ಆಮೇಲೆ ಏಳೇಳು ವರ್ಷಕ್ಕೊಮ್ಮೆ ಅವರ ಹತ್ತಿರ ಮತ್ತೆ ಹೋಗಿದ್ದಾರೆ. 14 ಮಕ್ಕಳಲ್ಲಿ ಹುಡುಗಿಯರು ನಾಲ್ಕೇ ಜನ, ಅದು ತಂಗಿಯ ಎಡಪುಟದ ಮೊದಲ ಸಾಲು. ಸ್ಟ್ರೀಮಿಂಗ್‌ನಲ್ಲಿ ಒಂದೇ ದಿನ ಎಲ್ಲವನ್ನೂ ನೋಡಿಬಿಡಬಹುದಿತ್ತು. ನಾವು ವಾರಕ್ಕೆ ಒಂದೇ ಭಾಗ ಅಂತ ಇಟ್ಟುಕೊಂಡೆವು. ಏಳನೇ ವಯಸ್ಸಲ್ಲಿ ಗಗನಯಾತ್ರಿ ಆಗ್ತೀನಿ ಅಂತ ಕುಣಿಯುತ್ತಾ ಹೇಳಿದ ನೀಲ್, 28ಕ್ಕೆ ಮನೆಯಿಲ್ಲದೆ ಸ್ಕಾಟ್ಲೆಂಡಿನಲ್ಲಿ ಅಲೆಯುತ್ತಿದ್ದ. ಅವತ್ತು ರಾತ್ರಿ ಆಟೋಪ್ಲೇ ಇದ್ದಿದ್ದರೆ ಹತ್ತೇ ಸೆಕೆಂಡಿನಲ್ಲಿ ಅವನಿಗೆ 35 ಆಗುತ್ತಿತ್ತು. ನಾವು ಒಂದು ವಾರ ಅವನ ಬಗ್ಗೆ ಯೋಚಿಸಿದೆವು. ಟಿವಿಯಲ್ಲಿ ಮೊದಲ ಸಲ ನೋಡಿದವರು ಏಳು ವರ್ಷ ಕಾದಿದ್ದರು.

ಇದರ ಜೊತೆಗೆ ಐ ಆಮ್ 20 ನೋಡಿ. ಭಾರತ ಸರ್ಕಾರದ ಚಿತ್ರ ಸಂಸ್ಥೆಯಾಗಿದ್ದ ಫಿಲ್ಮ್ಸ್ ಡಿವಿಷನ್‌ಗಾಗಿ ಎಸ್.ಎನ್.ಎಸ್. ಶಾಸ್ತ್ರಿ 1967ರಲ್ಲಿ ಮಾಡಿದ್ದು, 1947ರಲ್ಲಿ ಹುಟ್ಟಿದ ಭಾರತದ ಯುವಕ ಯುವತಿಯರನ್ನು ಮಾತಾಡಿಸಿದ ಚಿಕ್ಕ ಚಿತ್ರ. ಅವರು ಕ್ಯಾಮೆರಾ ನೋಡಿಕೊಂಡು ದೇಶದ ಬಗ್ಗೆ, ತಮ್ಮ ಬಗ್ಗೆ ಹೇಳುತ್ತಾ ಹೋಗುತ್ತಾರೆ. ಆ ಚಿತ್ರದಲ್ಲಿ ಅವರಿಗೆ ಯಾವತ್ತೂ ಇಪ್ಪತ್ತೇ.

ಅಪ್‌ನಲ್ಲಿ 42ರ ಭಾಗಕ್ಕೆ ಬಂದಾಗ ನೀಲ್ ಲಂಡನ್ನಿನಲ್ಲಿ ಜನ ಆರಿಸಿದ ಕೌನ್ಸಿಲರ್ ಆಗಿದ್ದ. ನಾನು ಒಂದು ಸಾಲು ಬರೆಯಬೇಕು ಅಂತ ಪೆನ್ನು ಹಿಡಿದೆ, ಏನೂ ಬರಲಿಲ್ಲ, ಹೆಸರುಗಳು ಓಡಿ ಮುಗಿದವು. ತಂಗಿಯ ಪುಟ ನೋಡಿದೆ. ನಿಮಿಷದ ಸಂಖ್ಯೆ ಬರೆದು, ಅದರ ಮುಂದೆ "ಅಬ್ಬಾ, ಬದುಕಿದ್ದಾನೆ" ಅಂತ ಬರೆದಿದ್ದಳು.