ಪಿಕಪ್ ಇಲ್ಲದ ಕಾರನ್ನೇ ಹುಡುಕಿ ಕೊಂಡೆ

ಹಳೆಯ ಡೀಸೆಲ್ ಸ್ಟೇಷನ್ ವ್ಯಾಗನ್ (ಹಿಂದೆ ಸಾಮಾನಿಗೆ ಉದ್ದನೆಯ ಜಾಗವಿರುವ ಕಾರು) ಕೊಂಡು ಅದರಲ್ಲಿ ದುಡಿಯುತ್ತೇನೆ ಎಂದಾಗ ತುಮಕೂರಿನಲ್ಲಿ ನನಗೆ ಬುದ್ಧಿ ಹೇಳದವರಿಲ್ಲ. ಭಾವ ಬೊಲೆರೊ ತೆಗೆದುಕೊಳ್ಳಲು ಹೇಳಿದರು. ಅಂತರಸನಹಳ್ಳಿಯ ಗ್ಯಾರೇಜಿನ ಮೆಕ್ಯಾನಿಕ್, "ಸ್ಕೋಡಾ ಅಂದರೆ ಆನೆ ಸಾಕಿದ ಹಾಗೆ ಸಾರ್, ನಿಮಗೇಕೆ?" ಎಂದ. ಅದೂ ಪಿಕಪ್ ಇಲ್ಲದ, ಘಟ್ಟ ಹತ್ತದ ಕಾರನ್ನೇ ಹುಡುಕುತ್ತಿದ್ದೇನೆ ಎಂದು ತಿಳಿದ ಮೇಲೆ ನಗು ತಡೆಯಲು ಯಾರೂ ಕಷ್ಟಪಡಲಿಲ್ಲ. ಕಾರು ಈಗ ನನ್ನ ಕೈಯಲ್ಲಿ ಹೆಚ್ಚು ಕಡಿಮೆ ನಲವತ್ತು ಸಾವಿರ ಕಿಲೋಮೀಟರ್ ಓಡಿದೆ. ಆದ್ದರಿಂದ ಬರೆಯುವ ಧೈರ್ಯ ಬಂದಿದೆ.

ನನ್ನದು ಮದುವೆಯ ಫೋಟೊ, ವಿಡಿಯೊ ಕೆಲಸ. ಬೆಳಿಗ್ಗೆ ತಿಪಟೂರಿನಲ್ಲಿ ಧಾರೆ, ಸಂಜೆ ಬೆಂಗಳೂರಿನಲ್ಲಿ ಆರತಕ್ಷತೆ. ಲೈಟುಗಳು, ಸ್ಟ್ಯಾಂಡುಗಳು, ಬಿಚ್ಚಿಟ್ಟ ಜಿಮ್ಮಿ ಜಿಬ್ (ಕ್ಯಾಮೆರಾ ಎತ್ತುವ ಉದ್ದ ತೋಳು), ಇಬ್ಬರು ಹುಡುಗರು. ಬೊಲೆರೊದಲ್ಲಿ ಜಾಗವಿದೆ, ಹೆದ್ದಾರಿಯಲ್ಲಿ ವೇಗವಿಲ್ಲ. ಇನೊವಾ ಒಳ್ಳೆಯ ಗಾಡಿಯೇ, ಆದರೆ ಮೂರು ಲಕ್ಷ ಓಡಿದ್ದಕ್ಕೂ ಕೇಳುವ ಬೆಲೆ ನೋಡಿದರೆ ಅದು ವಾಹನವೋ ನಿವೇಶನವೋ ಎನ್ನಿಸುತ್ತದೆ.

ನಮ್ಮ ದೇಶದಲ್ಲಿ ಡೀಸೆಲ್ ವ್ಯಾಗನ್‌ಗಳೇ ಬೆರಳೆಣಿಕೆಯಷ್ಟು. ಟಾಟಾ ಎಸ್ಟೇಟ್ 1992ರಷ್ಟು ಹಳೆಯದು. ಬೆಂಗಳೂರಿನ ಸಿಪಾನಿ ಕಂಪನಿ ತೊಂಬತ್ತರ ದಶಕದಲ್ಲಿ ಜೋಡಿಸಿದ ರೋವರ್ ಮಾಂಟೆಗೊ ಎಲ್ಲಿಯಾದರೂ ಸಿಕ್ಕರೆ ಕೈಮುಗಿದು ಮುಂದೆ ಹೋಗಬೇಕು, ಬಿಡಿಭಾಗ ಎಲ್ಲಿಂದ ತರುವುದು? ಇಂಡಿಗೊ ಮರೀನಾ ಅಗ್ಗ, ಪ್ರತಿ ಊರಿನಲ್ಲೂ ರಿಪೇರಿಯಾಗುತ್ತದೆ. ಆದರೆ 1.4 ಲೀಟರ್ ಎಂಜಿನ್, ಶಕ್ತಿ ಎಪ್ಪತ್ತರ ಆಸುಪಾಸು. ವೋಲ್ವೊ ವಿ90 ಕ್ರಾಸ್ ಕಂಟ್ರಿ 2017ರಲ್ಲಿ ಬಂದಾಗಲೇ ಅರವತ್ತು ಲಕ್ಷ. ಉಳಿದದ್ದು ಸ್ಕೋಡಾ ಆಕ್ಟೇವಿಯಾದ ವ್ಯಾಗನ್ ರೂಪವಾದ ಕಾಂಬಿ, 1.9 ಲೀಟರ್ ಟರ್ಬೊ ಡೀಸೆಲ್ (ಟಿಡಿಐ). 90 ಅಶ್ವಶಕ್ತಿ, 210 ನ್ಯೂಟನ್ ಮೀಟರ್, ಆ ಎಳೆತವೂ 1,900 ಆರ್‌ಪಿಎಂನಲ್ಲೇ ಸಿಗುತ್ತದೆ. ಹಿಂದೆ 548 ಲೀಟರ್ ಜಾಗ, ಸೀಟು ಮಡಚಿದರೆ 1,512. ಕಾಗದದ ಮೇಲೆ 90 ಎಂದರೆ ಈಗಿನ ಹುಡುಗರು ಮೂಗು ಮುರಿಯುತ್ತಾರೆ. ಇನೊವಾದ 2.5 ಲೀಟರ್ ಎಂಜಿನ್‌ನದು 102 ಅಶ್ವಶಕ್ತಿ, 200 ನ್ಯೂಟನ್ ಮೀಟರ್, ಎಳೆಯಬೇಕಾದ ತೂಕ ಒಂದೂವರೆ ಟನ್ನಿಗಿಂತ ಹೆಚ್ಚು. ಕಾಂಬಿ ಅದಕ್ಕಿಂತ ಎಷ್ಟೋ ಹಗುರ. ಲೆಕ್ಕ ನೀವೇ ಹಾಕಿ.

ಇನ್ನು ನನ್ನ ವಿಧಾನ. ಚೆನ್ನಾಗಿ ಎಳೆಯುವ ಕಾಂಬಿಗೆ ಅದರ ಮಾಲೀಕ ಮೂರು ಲಕ್ಷ ಕೇಳುತ್ತಾನೆ, ಕೊಟ್ಟ ಮೇಲೂ ಟೈಮಿಂಗ್ ಬೆಲ್ಟಿನಿಂದ ಹಿಡಿದು ಎಲ್ಲ ಖರ್ಚು ನಮ್ಮದೇ. ಎಳೆಯದ ಕಾಂಬಿಯನ್ನು ಗುಜರಿಯ ಬೆಲೆಗಿಂತ ಸ್ವಲ್ಪ ಮೇಲೆ ಕೊಡುತ್ತಾರೆ. ಈ ಎಂಜಿನ್ ಶಕ್ತಿ ಕಳೆದುಕೊಳ್ಳುವ ಕಾರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಗ್ಗದವು: ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪು, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡವನ್ನು ಹಿಡಿತದಲ್ಲಿಡುವ ಎನ್75 ವಾಲ್ವ್, ಸತ್ತ ಏರ್ ಮಾಸ್ ಸೆನ್ಸರ್ (ಒಳಬರುವ ಗಾಳಿ ಅಳೆಯುವುದು). ದುಬಾರಿ ಕಾರಣಗಳೂ ಇವೆ: ಸವೆದ ಪಿಸ್ಟನ್ ರಿಂಗು, ಹಾಳಾದ ಟರ್ಬೊ, ಸೋತ ಡೀಸೆಲ್ ಪಂಪು. ಅಗ್ಗದ ರೋಗ ಯಾವುದು, ದುಬಾರಿ ರೋಗ ಯಾವುದು ಎಂದು ಹಣ ಕೊಡುವ ಮೊದಲು ಬೇರ್ಪಡಿಸುವುದರಲ್ಲೇ ಎಲ್ಲ ಇದೆ.

ನೋಡಿದ ಕಾರುಗಳ ಕಥೆ ಹೇಳಿದರೆ ಮುಗಿಯುವುದಿಲ್ಲ. ಬೆಂಗಳೂರಿನ ಒಬ್ಬ ಬ್ರೋಕರ್ ಬೆಳಿಗ್ಗೆ ಏಳಕ್ಕೆ ಬರಲು ಹೇಳಿದ, ಹೋಗಿ ಬಾನೆಟ್ ಮುಟ್ಟಿದರೆ ಬೆಚ್ಚಗಿದೆ. ಮೊದಲೇ ಸ್ಟಾರ್ಟ್ ಮಾಡಿ ಹೊಗೆ ಕಳೆದಿದ್ದ. ಬೆಚ್ಚಗಿರುವ ಬಾನೆಟ್ ಕಂಡರೆ ನಾನು ಕೀಲಿ ಸಹ ಕೇಳುವುದಿಲ್ಲ, ವಾಪಸ್ ಹೊರಡುತ್ತೇನೆ. ಇನ್ನೊಂದು ಕಾರು ಮೀಟರಿನಲ್ಲಿ ಎಂಬತ್ತಾರು ಸಾವಿರ ತೋರಿಸುತ್ತಿತ್ತು. ಸ್ಟಿಯರಿಂಗಿನ ಚರ್ಮ ಹತ್ತು ಗಂಟೆಯ ಜಾಗದಲ್ಲಿ ಕನ್ನಡಿಯಂತೆ ನುಣುಪಾಗಿತ್ತು, ಕ್ಲಚ್ ಪೆಡಲಿನ ರಬ್ಬರ್ ಮಾತ್ರ ಹೊಚ್ಚ ಹೊಸದು. ನಿಜವಾದ ಕಿಲೋಮೀಟರ್ ಪತ್ತೆ ಹಚ್ಚಲು ನನ್ನದೊಂದು ದಾರಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬ್ರೋಕರ್‌ಗಳೂ ಓದುತ್ತಾರೆ.

ಬೆಂಗಳೂರು, ತುಮಕೂರಿನ ಕಾರುಗಳನ್ನು ನಾನು ಪರೀಕ್ಷಿಸಿದ್ದು ದೇವರಾಯನದುರ್ಗದ ಏರಿನಲ್ಲಿ. ಮೂರನೆಯ ಗೇರ್, ಒಂದೂವರೆ ಸಾವಿರ ಆರ್‌ಪಿಎಂ, ಕಾಲು ಪೂರ್ತಿ ಕೆಳಗೆ. ಹಿಂದೆ ಬೈಕಿನಲ್ಲಿ ನಮ್ಮ ಹುಡುಗ ಹೊಗೆಯ ಬಣ್ಣ ನೋಡುತ್ತಾ ಬರಬೇಕು. ನೀಲಿ ಬಂದರೆ ಎಂಜಿನ್ ಎಣ್ಣೆ ಸುಡುತ್ತಿದೆ, ಅಲ್ಲಿಗೇ ಮುಗಿಯಿತು. ಕಪ್ಪು ಬಂದರೆ ಮಾತಾಡಬಹುದು. ಒಂದು ಕಾರು ಅರ್ಧ ಏರಿನಲ್ಲಿ ನೀರು ಕುದಿಸಿತು. ನಾಮದ ಚಿಲುಮೆಯ ಹತ್ತಿರ ತಣ್ಣಗಾಗಲು ಕಾಯುವಾಗ ಮಾಲೀಕ ಅದನ್ನು ಬೇಸಿಗೆಯ ತಪ್ಪು ಎಂದ. ಡಿಸೆಂಬರ್ ತಿಂಗಳು.

ಕೊನೆಗೆ ಸಿಕ್ಕಿದ್ದು ಚಿಕ್ಕಮಗಳೂರಿನಲ್ಲಿ. ಕಾಫಿ ತೋಟದ ಹಿರಿಯರೊಬ್ಬರ ಕಾರು, ಅವರ ಮಗ ಮಾರುತ್ತಿದ್ದರು. "ಘಟ್ಟ ಹತ್ತುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ" ಎಂದರು ಫೋನಿನಲ್ಲಿ. ನಾನು ಮರುದಿನವೇ ಹೊರಟೆ. ರಾತ್ರಿಯಿಡೀ ಚಳಿಯಲ್ಲಿ ನಿಂತ ಕಾರು, ಬಾನೆಟ್ ಮೇಲೆ ಇಬ್ಬನಿ. ಕೀಲಿ ತಿರುಗಿಸಿದರೆ ಅರ್ಧ ಸುತ್ತಿನಲ್ಲೇ ಹಿಡಿದುಕೊಂಡಿತು, ಹೊಗೆ ಹೆಸರಿಗಷ್ಟೇ. ಎಣ್ಣೆ ಮುಚ್ಚಳ ಬಿಚ್ಚಿ ಅಂಗೈ ಹಿಡಿದೆ, ಒತ್ತಡವಿಲ್ಲ. ಎಂಜಿನ್ ಗಟ್ಟಿಯಾಗಿದೆ ಎಂದು ಅಲ್ಲೇ ಖಾತ್ರಿಯಾಯಿತು.

ಕೈಮರ ದಾಟಿ ಮುಳ್ಳಯ್ಯನಗಿರಿಯ ಏರಿಗೆ ತಂದೆವು. ಮೊದಲ ತಿರುವಿನವರೆಗೆ ಚೆನ್ನಾಗಿ ಎಳೆಯಿತು. ನಂತರ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಸತ್ತುಹೋಯಿತು. ಪಕ್ಕಕ್ಕೆ ನಿಲ್ಲಿಸಿ, ಕೀಲಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಎಳೆತ ವಾಪಸ್! ಇನ್ನೆರಡು ತಿರುವು, ಮತ್ತೆ ಸಾವು. ಪಕ್ಕದಲ್ಲಿ ಕುಳಿತ ಮಗನ ಮುಖ ಸಪ್ಪಗಾಯಿತು, ನನಗೆ ಒಳಗೊಳಗೇ ಹಬ್ಬ. ಕೀಲಿ ಆಫ್ ಮಾಡಿದರೆ ಸರಿಹೋಗುವ ರೋಗ ಎಂದರೆ ಕಂಪ್ಯೂಟರ್ ಎಂಜಿನ್ನನ್ನು ಕಾಪಾಡಲು ಟರ್ಬೊ ಒತ್ತಡ ತಗ್ಗಿಸುತ್ತಿದೆ ಎಂದರ್ಥ. ಸವೆದ ರಿಂಗು ಕೀಲಿ ತಿರುಗಿಸಿದರೆ ಸರಿಹೋಗುವುದಿಲ್ಲ.

ಸ್ಕ್ಯಾನರ್ ಜೋಡಿಸಿದೆ. ಅದು ಕಾರಿನ ಕಂಪ್ಯೂಟರಿನಿಂದ ಓದಿ ತೋರಿಸುವ ಅಂಕಿಗಳ 011ನೇ ಗುಂಪಿನಲ್ಲಿ ಕಂಪ್ಯೂಟರ್ ಕೇಳಿದ ಟರ್ಬೊ ಒತ್ತಡಕ್ಕೂ ಬಂದ ಒತ್ತಡಕ್ಕೂ ತಾಳಮೇಳವಿಲ್ಲ, ಬಂದದ್ದೇ ಹೆಚ್ಚು. 003ರಲ್ಲಿ ಗಾಳಿಯ ಅಳತೆ ಐನೂರರ ಆಚೀಚೆ ಆಡುತ್ತಿದೆ, ಪೂರ್ತಿ ಕಾಲು ಕೊಟ್ಟಾಗ ಎಂಟುನೂರಾದರೂ ದಾಟಬೇಕಿತ್ತು. ಸೆನ್ಸರಿನ ಪ್ಲಗ್ ಕಿತ್ತು ಓಡಿಸಿದರೆ ಮೊದಲಿಗಿಂತ ಚುರುಕು. ಅಲ್ಲಿಗೆ ಅದೂ ಸತ್ತಿದೆ. ಬಾನೆಟ್ ಎತ್ತಿ ನೂಲಿನ ಹೊದಿಕೆಯ ತೆಳು ಕಪ್ಪು ಪೈಪುಗಳನ್ನು ಒಂದೊಂದಾಗಿ ಬೆರಳಲ್ಲಿ ಬಾಗಿಸಿದೆ. ಎನ್75 ವಾಲ್ವಿಗೆ ಸೇರುವ ಪೈಪಿನ ತುದಿ ಬಾಗಿಸಿದ ಕೂಡಲೇ ನೂಲಿನ ಕೆಳಗೆ ರಬ್ಬರ್ ಬಾಯಿ ಬಿಟ್ಟಿತು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ನೂಲು ಮುಚ್ಚಿಟ್ಟಿರುತ್ತದೆ. ಬಾಗಿಸಲೇಬೇಕು.

ಕೇಳಿದ್ದು ಎರಡು ಲಕ್ಷ ಹತ್ತು ಸಾವಿರ. ಘಟ್ಟದಲ್ಲಿ ನಿಂತೇ ಚೌಕಾಸಿ ಮಾಡಿ ಒಂದು ಲಕ್ಷ ನಲವತ್ತೈದಕ್ಕೆ ಮುಗಿಸಿದೆ. ಕಡೂರು, ಅರಸೀಕೆರೆ, ತಿಪಟೂರಿನ ಮೂಲಕ ತುಮಕೂರಿಗೆ ತರುವಾಗ ಟೇಪು ಸುತ್ತಿದ ಪೈಪಿನಲ್ಲೇ ಬಂತು, ಒಮ್ಮೆಯೂ ಸಾಯಲಿಲ್ಲ.

ಈಗ ದುಡ್ಡಿನ ವಿಷಯ. ಪೈಪುಗಳನ್ನೆಲ್ಲ ಸಿಲಿಕಾನ್‌ಗೆ ಬದಲಾಯಿಸಲು ಏಳೆಂಟು ನೂರು ರೂಪಾಯಿ. ವಾಲ್ವ್ ನಾಲ್ಕೂವರೆ ಸಾವಿರ, ಗಾಳಿ ಸೆನ್ಸರ್ ಒಂಬತ್ತರಿಂದ ಹತ್ತು ಸಾವಿರ. ಸೆನ್ಸರಿನಲ್ಲಿ ಅಗ್ಗದ ನಕಲಿ ಹಾಕಿ ನೋಡಿದ ಸ್ನೇಹಿತನೊಬ್ಬ ಇದ್ದಾನೆ, ಅವನ ಕಾರು ಈಗಲೂ ಐನೂರರಲ್ಲೇ ಆಡುತ್ತಿದೆ. ಹದಿನೈದು ಸಾವಿರದ ಆಸುಪಾಸಿನಲ್ಲೇ ಪಿಕಪ್ ಪೂರ್ತಿ ಬಂತು. ಉಳಿದದ್ದು ಯಾವ ಕಾರು ಕೊಂಡರೂ ಆಗುವ ಖರ್ಚು. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಸೇರಿ ಕೂಲಿಯೊಂದಿಗೆ ಇಪ್ಪತ್ತೆರಡು ಸಾವಿರ. ಬೆಲ್ಟ್ ಬದಲಾಯಿಸಿದ ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿಯಿರಿ. ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ, ಕಾರಿನ ಬೆಲೆಯೇ ಮತ್ತೊಮ್ಮೆ ಹೋಗುತ್ತದೆ. 195/65 ಆರ್15 ಟೈರು ನಾಲ್ಕು, ಇಪ್ಪತ್ತರ ಮೇಲೆ. ಮುಂಭಾಗದ ಬುಷ್‌ಗಳು, ಸ್ಟ್ರಟ್ ಮೌಂಟುಗಳಿಗೆ ಹದಿನೆಂಟು. ಎಲ್ಲ ಸೇರಿ ಎರಡೂಕಾಲು ಲಕ್ಷದ ಹತ್ತಿರ.

ಪಂಪಿನ ವಿಷಯ ಬೇರೆಯಾಗಿಯೇ ಹೇಳಬೇಕು. ಇದರಲ್ಲಿರುವುದು ಬಾಷ್‌ನ ವಿಪಿ37 ರೋಟರಿ ಪಂಪು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮಾತ್ರ, ಬಿಎಸ್ 3 ಕಾಲದಲ್ಲಿ 350 ಇತ್ತು. ಹಳೆಯ ನೈಟ್ರೈಲ್ ರಬ್ಬರಿನ ಸೀಲುಗಳು ಈ ಡೀಸೆಲ್‌ಗೆ ಕುಗ್ಗುತ್ತವೆ, ಪಂಪಿನ ಮೇಲ್ಮುಚ್ಚಳದಿಂದ ಜಿನುಗು ಶುರುವಾಗುತ್ತದೆ. ನನ್ನದರಲ್ಲೂ ಆರು ತಿಂಗಳಲ್ಲಿ ಜಿನುಗಿತು. ಈ ಡೀಸೆಲ್ ತಾಳುವ ವೈಟಾನ್ ರಬ್ಬರಿನ ಸೀಲು ಹಾಕಿಸಲು ಹದಿನಾಲ್ಕು ಸಾವಿರ. ಯಾರ ಹತ್ತಿರ ಹಾಕಿಸಿದೆ ಎಂದು ಕೇಳಬೇಡಿ, ಆತನ ಬಳಿ ಈಗಾಗಲೇ ಸರದಿ ಉದ್ದವಿದೆ. ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ: ಮೇಲ್ಭಾಗ ಬಿಚ್ಚುವ ಮೊದಲು ಅದು ಕೂತ ಜಾಗಕ್ಕೆ ಗೀಟು ಹಾಕಿಕೊಳ್ಳದವನ ಕೈಗೆ ಪಂಪು ಕೊಡಬೇಡಿ. ಕೂದಲೆಳೆಯಷ್ಟು ಸರಿದರೂ ಡೀಸೆಲ್ ಪ್ರಮಾಣ ಏರುಪೇರಾಗುತ್ತದೆ.

ಈ ನಡುವೆ ಹೊಂಗೆ ಎಣ್ಣೆಯ ಹುಚ್ಚು ಹಿಡಿಯಿತು. ನಮ್ಮ ತೋಟದ ಬದುವಿನಲ್ಲಿ ಹೊಂಗೆ ಮರಗಳಿವೆ, ಗಾಣದಲ್ಲಿ ಎಣ್ಣೆ ತೆಗೆಸಿ, ಬಟ್ಟೆಯಲ್ಲಿ ಸೋಸಿ, ಹತ್ತಕ್ಕೆ ಒಂದರಂತೆ ಡೀಸೆಲ್‌ಗೆ ಬೆರೆಸಿದೆ. ಬೇಸಿಗೆಯಲ್ಲಿ ಓಡಿತು, ಎಂಜಿನ್ ಸದ್ದು ಮೆತ್ತಗಾಯಿತು. ಜನವರಿಯ ಮುಂಜಾನೆ ಕುಣಿಗಲ್ ಹತ್ತಿರ ಫಿಲ್ಟರ್ ಕಟ್ಟಿಕೊಂಡು ನಿಂತಿತು. ಮುಹೂರ್ತಕ್ಕೆ ಹುಡುಗರನ್ನು ಆಟೊದಲ್ಲಿ ಕಳಿಸಬೇಕಾಯಿತು. ಫಿಲ್ಟರ್ ಎರಡು ಹೋದವು, ಉಳಿಸಿದ ಡೀಸೆಲ್ ದುಡ್ಡಿಗೆ ಸರಿಸಮ. ಸಂಸ್ಕರಿಸಿ ಬಯೋಡೀಸೆಲ್ ಮಾಡದೆ ಕಚ್ಚಾ ಎಣ್ಣೆ ಹಾಕಿದರೆ ಇಷ್ಟೇ. ಆಮೇಲೆ ಟೂ ಸ್ಟ್ರೋಕ್ ಎಣ್ಣೆಯನ್ನು ಟ್ಯಾಂಕಿಗೆ ಇನ್ನೂರು ಎಂಎಲ್ ಲೆಕ್ಕದಲ್ಲಿ ಹಾಕಿ ನೋಡಿದೆ. ಕಿವಿಗೆ ಹಿತವೆನಿಸಿತು, ಸ್ಕ್ಯಾನರ್‌ನಲ್ಲಿ ಒಂದು ಅಂಕಿಯೂ ಅಲುಗಲಿಲ್ಲ. ಈಗಲೂ ಹಾಕುತ್ತೇನೆ, ಏಕೆಂದು ಕೇಳಿದರೆ ಉತ್ತರವಿಲ್ಲ.

ಶಕ್ತಿ ಹೆಚ್ಚಿಸುವ ಪೆಟ್ಟಿಗೆ ಮಾರುವವನೊಬ್ಬ ಬಂದಿದ್ದ. ಅವು ಡೀಸೆಲನ್ನು ಒಂದೇ ಕೊಳವೆಯಲ್ಲಿ (ರೈಲಿನಲ್ಲಿ) ಒತ್ತಡದಲ್ಲಿಟ್ಟು ಹಂಚುವ ಕಾಮನ್ ರೈಲ್ ಎಂಜಿನ್‌ಗಳಿಗೆ, ರೈಲಿನ ಒತ್ತಡದ ಸೆನ್ಸರಿಗೆ ಸುಳ್ಳು ಹೇಳುವಂಥವು. ಇದರಲ್ಲಿ ರೈಲೇ ಇಲ್ಲ, ಪೆಟ್ಟಿಗೆಯನ್ನು ಎಲ್ಲಿ ಜೋಡಿಸುತ್ತೀಯಪ್ಪಾ ಎಂದೆ. ನಂತರ ಸಾಫ್ಟ್‌ವೇರ್ ತಿದ್ದಿಸಿದ್ದು ನಿಜ, ಅಳತೆಯಲ್ಲೇ. ಎಷ್ಟು ಎಂಬುದು ನನ್ನೊಳಗೇ ಇರಲಿ. ಹೆಚ್ಚು ಆಸೆ ಪಟ್ಟರೆ ಮೊದಲು ಕ್ಲಚ್ ಜಾರುತ್ತದೆ. ಜನ, ಸಾಮಾನು ತುಂಬಿಕೊಂಡು ಹೆದ್ದಾರಿಯಲ್ಲಿ ಲಾರಿ ಸಾಲನ್ನು ನಾಲ್ಕನೆಯ ಗೇರಿನಲ್ಲೇ, ಗೇರ್ ಇಳಿಸದೆ ದಾಟುತ್ತೇನೆ. ಮೈಲೇಜ್ ಹದಿನೇಳರ ಹತ್ತಿರ. ಬೊಲೆರೊ ತೆಗೆದುಕೊಳ್ಳಲು ಹೇಳಿದ ಭಾವನೇ ಶಿರಾಕ್ಕೆ ಹೆಣ್ಣು ನೋಡಲು ಹೋಗುವಾಗ ಈ ಕಾರನ್ನು ಕೇಳಿದರು.

ಕಾಗದಪತ್ರದ ಬಗ್ಗೆ ಚಿಕ್ಕದಾಗಿ: ಇವೆಲ್ಲ ಹದಿನೈದು ವರ್ಷ ದಾಟಿದ ಕಾರುಗಳು. ಆರ್‌ಸಿ ಈಗಾಗಲೇ ನವೀಕರಣವಾಗಿರುವುದನ್ನೇ ಆರಿಸಿ. 2022ರ ಏಪ್ರಿಲ್‌ನಲ್ಲಿ ನವೀಕರಣ ಶುಲ್ಕ 600ರಿಂದ 5,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ನನ್ನದು ಚಿಕ್ಕಮಗಳೂರಿನ ಕೆಎ 18, ತುಮಕೂರಿನ ಕೆಎ 06 ಕಚೇರಿಯಲ್ಲಿ ಹೆಸರು ಬದಲಾವಣೆ ಸಲೀಸಾಗಿ ಆಯಿತು. ಹೊರರಾಜ್ಯದ್ದು ಅಗ್ಗಕ್ಕೆ ಸಿಕ್ಕರೂ ಎನ್‌ಒಸಿ ಮತ್ತು ಇಲ್ಲಿನ ಜೀವಾವಧಿ ತೆರಿಗೆ ಸೇರಿಸಿ ಲೆಕ್ಕ ಹಾಕಿ. ಹಳೆಯ ಸಾಲದ ನಮೂದು ಆರ್‌ಸಿಯಲ್ಲಿ ಉಳಿದಿದ್ದರೆ ಅದನ್ನು ತೆಗೆಸಿಕೊಡುವವರೆಗೆ ಮುಂಗಡವನ್ನೂ ಕೊಡಬೇಡಿ.

ಕೊಳ್ಳುವಾಗ ಹಿಂಭಾಗವನ್ನು ಎರಡು ಸಲ ನೋಡಿ. ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಮುಂದಿನ ಬಾಗಿಲುಗಳಿಗೆ ಮಾಮೂಲಿ ಆಕ್ಟೇವಿಯಾದ ಬಿಡಿಭಾಗ ನಡೆಯುತ್ತದೆ, ಗುಜರಿಯಲ್ಲಿ ಬೇಕಾದಷ್ಟಿವೆ. ಹಿಂಬಾಗಿಲು, ಅದರ ಗಾಜು, ಹಿಂದಿನ ದೀಪ, ಹಿಂಬಾಗಿಲು ಎತ್ತುವ ಗ್ಯಾಸ್ ಸ್ಟ್ರಟ್ ಮಾತ್ರ ಕಾಂಬಿಯವೇ ಆಗಬೇಕು. ಗುದ್ದಿದ ಕಾಂಬಿಯೊಂದು ನೆಲಮಂಗಲದ ಬಳಿ ಗುಜರಿಗೆ ಬಂದಾಗ ಅದರ ಹಿಂಬಾಗಿಲು, ಎರಡು ದೀಪ ಸೇರಿಸಿ ಒಂಬತ್ತು ಸಾವಿರಕ್ಕೆ ತಂದು ಅಟ್ಟದ ಮೇಲೆ ಇಟ್ಟಿದ್ದೇನೆ. ಮನೆಯಲ್ಲಿ ಅದರ ಬಗ್ಗೆ ದಿನಾ ಮಾತು ಕೇಳುತ್ತೇನೆ. ಯಾರೇ ಕೇಳಿದರೂ ಕೊಡುವುದಿಲ್ಲ.